ಏಳನೆಯ ಬಟ್ಟಲು

ಸಿಂಧನೂರಿನಲ್ಲಿ ಬಸ್ಸು ಹತ್ತಿದಾಗಿನಿಂದ ಜಮೀಲಾಬೀ ಬಲಗೈ ಮುಷ್ಟಿ ಬಿಚ್ಚಿರಲಿಲ್ಲ. ಮಸ್ಕಿ ದಾಟಿತು, ಲಿಂಗಸುಗೂರಿನಲ್ಲಿ ಮುದಗಲ್ ಬಸ್ಸಿಗೆ ಬದಲಾಯಿಸಿದೆವು, ಆಗಲೂ ಇಲ್ಲ. ನಾವಿಬ್ಬರೂ ಮೂವತ್ತು ವರ್ಷದಿಂದ ಒಂದೇ ಓಣಿಯವರು. ಆ ಮುಷ್ಟಿಯಲ್ಲಿ ಏನಿದೆಯೆಂದು ನನಗೆ ಗೊತ್ತಿತ್ತು: ಕಪ್ಪು ಬಿದರಿಯ ಪುಟ್ಟ ಬಟ್ಟಲು, ಮೈತುಂಬ ಬೆಳ್ಳಿಯ ಚುಕ್ಕಿ.

ಅದು ಅವಳ ಅಮ್ಮಿಯ ಪಾನದಾನಿನದು. ನಿಜಾಮನ ಮೇಲೆ ಪೊಲೀಸ್ ಆ್ಯಕ್ಷನ್ ಆದ ವರ್ಷ ಆಕೆ ಮುದಗಲ್ ಹತ್ತಿರದ ಹಳ್ಳಿ ಬಿಡುವಾಗ, ಎಲೆ ಅಡಿಕೆಯ ಆ ಪೆಟ್ಟಿಗೆಯನ್ನು ವಾಡೆಯ ಗೌಡಸಾನಿಯ ಕೈಗೆ ಕೊಟ್ಟು, ಒಳಗಿನ ಏಳು ಬಟ್ಟಲುಗಳಲ್ಲಿ ಸುಣ್ಣದ್ದೊಂದನ್ನು ಮಾತ್ರ ಸೆರಗಿಗೆ ಕಟ್ಟಿಕೊಂಡು ಬಂದಿದ್ದಳಂತೆ. ಆಮೇಲೆ ವಾಪಸ್ ಕೇಳಲೇ ಇಲ್ಲ. ಇಟ್ಟವರು ಕೇಳಿದರೆ ನಂಬಿಕೆ ಹೋದಂತೆ. ಇಟ್ಟುಕೊಂಡವರು ತಾವಾಗಿ ತಂದುಕೊಟ್ಟರೆ 'ನಮಗೂ ನಿಮಗೂ ಮುಗೀತು' ಅಂದಂತೆ. ಹೀಗೆ ಎರಡೂ ಕಡೆಯವರು ಮರ್ಯಾದೆಯಿಂದ ಸುಮ್ಮನಿದ್ದು, ಸುಮ್ಮನೇ ತೀರಿಕೊಂಡರು. ಈಗ ಗೌಡಸಾನಿಯ ಮೊಮ್ಮಕ್ಕಳು ವಾಡೆಯ ಸಾಮಾನನ್ನೆಲ್ಲ ಹರಾಜಿನ ಸವಾಲಿಗೆ ಹಾಕಿದ್ದರು.

ಕಂಡಕ್ಟರ್ ಸ್ಟಾಪ್ ಇಲ್ಲದಿದ್ದರೂ ವಾಡೆಯ ಮುಂದೆಯೇ ಸೀಟಿ ಊದಿ ನಮ್ಮನ್ನಿಳಿಸಿದ. ಅಂಗಳದಲ್ಲಿ ಕೆತ್ತನೆಯ ಬಾಗಿಲು, ಹಂಡೆ, ನಿಂತ ಗಡಿಯಾರಗಳ ನಡುವೆ, ಒಂದು ಚಾಪೆಯ ಮೇಲೆ ಕಪ್ಪು ಪಾನದಾನು ಕೂತಿತ್ತು. ಬೆಳ್ಳಿಯ ಚುಕ್ಕಿಯೂ ಇತ್ತು. ಜಮೀಲಾಬೀ ನನ್ನ ತೋಳು ಹಿಡಿದಳು.

"ಟೀಚರ್, ಇದ ನೋಡ್ರಿ. ಇದ."

ಮುಚ್ಚಳ ಕಿಲುಬು ಹಿಡಿದು ಕಚ್ಚಿಕೊಂಡಿತ್ತು. ಒಳಗಿನ ಬಟ್ಟಲು ಎಣಿಸುವಂತಿರಲಿಲ್ಲ. ನಾನು ಹೋಗಿ ಮೊಮ್ಮಗ ಹನುಮಂತರಾಯನಿಗೆ ಎಲ್ಲ ಹೇಳಿದೆ. ಅವನು ಎದ್ದು ನಿಂತೇ ಕೇಳಿದ. "ಸುಳ್ಳು ಅನ್ನಾಂಗಿಲ್ರೀ ನಾ. ಆದ್ರ ಚೀಟಿ ಏನರ ಐತೇನ್ರಿ? ನಮ್ಮ ಅಣ್ಣತಮ್ಮರು ಆರು ಮಂದಿ ಅದೀವಿ, ನಾನೊಬ್ನ ಕೊಡಾಕ ಬರಾಂಗಿಲ್ಲ."

ಚೀಟಿ ಎಲ್ಲಿಂದ ಬರಬೇಕು? ಸವಾಲಿಗೇ ನಿಂತೆವು.

ಸವಾಲು ಕೂಗುವ ಗ್ಯಾನಪ್ಪ ಕುರ್ಚಿಯೊಂದನ್ನು ತಂದು ಜಮೀಲಾಬೀಗೆ ಹಾಕಿದ. ಕೈ ಎತ್ತುವ ಕೆಲಸ ನನ್ನದು. ನಮ್ಮ ಎದುರಿಗೆ ನಿಂತವನು ಹೈದರಾಬಾದಿನಲ್ಲಿ ಹಳೇ ಸಾಮಾನಿನ ಅಂಗಡಿ ಇಟ್ಟಿರುವ ಅಸದ್. ಅವನು ಎರಡು ಬೆರಳು ಎತ್ತಿದರೆ ನಾನು ಇಡೀ ಕೈ ಎತ್ತುತ್ತಿದ್ದೆ. ಜಮೀಲಾಬೀ ಕಿವಿಯೋಲೆ ಮಾರಿ ತಂದದ್ದು ಹದಿನೆಂಟು ಸಾವಿರ. ಅದು ಮೊದಲ ಐದು ನಿಮಿಷದಲ್ಲೇ ದಾಟಿತು. ನನ್ನ ಪಿಂಚಣಿಯನ್ನೂ ಸೇರಿಸಿಕೊಂಡು ಇನ್ನೆರಡು ಸಲ ಕೈ ಎತ್ತಿದೆ.

"ಒಂದನೇ ಸವಾಲ್... ಎರಡನೇ ಸವಾಲ್..." ಗ್ಯಾನಪ್ಪ ನಮ್ಮ ಕಡೆ ನೋಡುತ್ತ ಬೇಕೆಂದೇ ಕೆಮ್ಮಿದ, ನೀರು ಕುಡಿದ, ಟವೆಲ್ಲಿನಿಂದ ಬಾಯಿ ಒರೆಸಿಕೊಂಡ.

"ಕೂಗೋ ಮಾರಾಯಾ, ಕೊಡ ಖಾಲಿ ಮಾಡ್ತಿ ಏನು?" ಯಾರೋ ರೇಗಿಸಿದರು.

ನನ್ನ ಕೈ ಏಳಲಿಲ್ಲ. ಪಾನದಾನು ಅಸದನದಾಯಿತು.

ಜಮೀಲಾಬೀ ಅಳಲಿಲ್ಲ. ನೆಟ್ಟಗೆ ಅಸದನ ಬಳಿ ಹೋಗಿ ಮುಷ್ಟಿ ಬಿಚ್ಚಿದಳು. "ಬೇಟಾ, ಇದು ಅದರೊಳಗಿಂದು. ಏಳರಾಗ ಒಂದು. ನೀನ ಇಟ್ಕೋ. ಬ್ಯಾರೆ ಬ್ಯಾರೆ ಇರೋದು ಬ್ಯಾಡ."

ಅಸದ್ ಆ ಬಟ್ಟಲನ್ನು ಬೆಳಕಿಗೆ ಹಿಡಿದು ನೋಡಿದ. ಕೂತು, ಪಾನದಾನಿನ ಮುಚ್ಚಳದ ಸುತ್ತ ಎಣ್ಣೆ ಬಿಟ್ಟು, ಮೆಲ್ಲಗೆ ತಟ್ಟಿ ತಟ್ಟಿ ತೆಗೆದ. ಒಳಗೆ ಏಳು ಬಟ್ಟಲುಗಳಿದ್ದವು. ಏಳಕ್ಕೆ ಏಳು.

"ಇದು ನಿಮ್ದಲ್ಲ ಖಾಲಾ," ಅಂದು ಅವಳ ಬಟ್ಟಲನ್ನು ಅವಳ ಕೈಗೇ ಕೊಟ್ಟ.

ಇದು ಅಲ್ಲವೆಂದರೆ, ಸೋತೆವೋ ಉಳಿದೆವೋ? ಇನ್ನೊಂದು ಎಲ್ಲಿ?

ಇದನ್ನೆಲ್ಲ ಅಡುಗೆಮನೆ ಹೊಸ್ತಿಲಲ್ಲಿ ನಿಂತು ಕೇಳುತ್ತಿದ್ದ ಮುದುಕಮ್ಮ ಒಳಗೆ ಹೋದಳು. ಆಕೆಯೂ ಆಕೆಯ ಅತ್ತೆಯೂ ಆ ವಾಡೆಯ ಪಾತ್ರೆ ತಿಕ್ಕಿಯೇ ಮುದುಕಿಯರಾದವರು. ಹೊರಗೆ ಬಂದಾಗ ಕೈಯಲ್ಲಿ ಬಿಳಿ ಬಟ್ಟೆಯ ಗಂಟಿತ್ತು.

"ಏಳರಾಗ ಒಂದಿಲ್ಲದ್ದು ಇದ ನೋಡ್ರಿ. ಬ್ಯಾರೆಯವ್ರ ಸಾಮಾನು ಸವಾಲಿಗೆ ಹ್ಯಾಂಗ ಇಡಾದು ಅಂತ ಒಳಗ ಇಟ್ಟಿದ್ದೆ."

ಗಂಟಿನೊಳಗಿದ್ದುದು ಬೂದಿ ಬಣ್ಣದ, ನುಣುಪಾದ, ಸತುವಿನ ಡಬ್ಬಿಯಂಥ ಪೆಟ್ಟಿಗೆ. ಕಪ್ಪು ಎಲ್ಲಿಯೂ ಇರಲಿಲ್ಲ. ಆರು ಬಟ್ಟಲು, ಒಂದು ಗೂಡು ಖಾಲಿ. ಜಮೀಲಾಬೀ ತನ್ನ ಬಟ್ಟಲನ್ನು ಅಲ್ಲಿಟ್ಟಳು. ಅದು ಕಟ್ ಎಂದು ಕೂತಿತು. ಆರು ಬೂದಿಯವುಗಳ ನಡುವೆ ಒಂದೇ ಒಂದು ಕಪ್ಪು.

"ಬಂದಾಗ ಭಾಳ ಕರ್ರಗಿತ್ತಂತ್ರೀ," ಮುದುಕಮ್ಮ ಸಂಭ್ರಮದಿಂದ ಹೇಳಿದಳು. "ಇಟ್ಟವ್ರು ಬಂದ್ರ ಏನಂದಾರು ಅಂತ ನಮ್ಮತ್ತಿ ಅಮಾಸಿಗೊಮ್ಮೆ ಹುಣಸಿಹಣ್ಣು, ಇಟ್ಟಂಗಿ ಪುಡಿ ಹಾಕಿ ತಿಕ್ಕಿದ್ಲು. ಆಕಿ ಸತ್ತಮ್ಯಾಲೆ ನಾನು. ಒಂದಮಾಸಿನೂ ತಪ್ಪಿಸಿಲ್ರೀ."

ಅಸದ್ ಹಣೆ ಹಿಡಿದುಕೊಂಡ. ಬಿದರಿಯ ಬೆಲೆಯೆಲ್ಲ ಆ ಕಪ್ಪಿನಲ್ಲೇ ಇರುವುದು. ಏನೋ ಹೇಳಲು ಬಾಯಿ ತೆರೆದವನು ಮುದುಕಮ್ಮನ ಬೆರಳುಗಳನ್ನು ನೋಡಿ ಸುಮ್ಮನಾದ. ನನ್ನ ಕಿವಿಯ ಹತ್ತಿರ ಬಂದು ಮಾತ್ರ, "ಬೀದರಿಗೆ ಕಳಿಸಿದ್ರ ಮತ್ತ ಕರ್ರಗ ಮಾಡಿ ಕೊಡ್ತಾರ ಟೀಚರ್," ಅಂದ.

ಅಷ್ಟರಲ್ಲಿ ಮುದುಕಮ್ಮ ಕಪ್ಪು ಬಟ್ಟಲಿಗೆ ಕೈ ಹಾಕಿದಳು. "ಇದೊಂದು ಹೊಲಸಾಗ್ಯಾದ ನೋಡ್ರಿ. ಕೊಡ್ರಿ, ಈಗ ತಿಕ್ಕಿ ಕೊಡ್ತೀನಿ."



ಜಮೀಲಾಬೀ ಆ ಕೈಯನ್ನು ಬಟ್ಟಲಿನಿಂದ ಎತ್ತಿ ತನ್ನ ತೊಡೆಯ ಮೇಲಿಟ್ಟುಕೊಂಡಳು. "ಸಾಕವ್ವ, ಭಾಳ ತಿಕ್ಕಿದಿ. ಕುಂದ್ರು." ಚೀಲದಿಂದ ಎಲೆ ತೆಗೆದು ಒರೆಸಿ, ಕಪ್ಪು ಬಟ್ಟಲಲ್ಲಿ ಒಣಗಿದ್ದ ಸುಣ್ಣಕ್ಕೆ ಎರಡು ಹನಿ ನೀರು ಬಿಟ್ಟಳು.

ಎಲೆಗೆ ಸುಣ್ಣ ಹಚ್ಚುತ್ತ ನನ್ನ ಕಡೆ ತಿರುಗಿ, "ಟೀಚರ್, ಬೀದರ್ ಭಾಳ ದೂರ, ಅಲ್ಲೇನು?" ಅಂದಳು.

ಅಸದನ ಮಾತು ಅವಳಿಗೂ ಕೇಳಿಸಿತ್ತು. "ಭಾಳ ದೂರ," ಅಂದೆ.