ಚಪ್ಪಲಿಗಳ ನಡುವೆ ಒಂದು ಕಾಲು

ನಾಯಿ ಚಪ್ಪಲಿ ಕಚ್ಚಿಕೊಂಡು ಹೋಗುವುದು ನಮ್ಮ ಓಣಿಯಲ್ಲಿ ಸುದ್ದಿಯೇ ಅಲ್ಲ. ನೇಸರಗಿ ಸಂತೆಯಿಂದ ಹೊಸ ಜೋಡಿ ತಂದವರು ಅದನ್ನು ಬಾಗಿಲಲ್ಲಿ ಬಿಟ್ಟು ಮಲಗಿದರೆ, ಬೆಳಗ್ಗೆ ಒಂದನ್ನು ಕೈಯಲ್ಲಿ ಹಿಡಿದು ಇನ್ನೊಂದನ್ನು ತಿಪ್ಪೆಯ ಮೇಲೆ ಹುಡುಕಬೇಕು. ಎಲ್ಲರ ಮನೆಯ ಪಾಡೂ ಇದೇ. ಆದರೆ ಆ ದಿನ ನಾಯಿ ಕಚ್ಚಿಕೊಂಡು ಹೋಗಿದ್ದು ಚಪ್ಪಲಿಯನ್ನಲ್ಲ, ನಮ್ಮ ಶೈಲಜಾಳ ಕಾಲನ್ನು.

ಗಾಬರಿಯಾಗಬೇಡಿ. ಅದು ಜೋಡಿಸಿಕೊಳ್ಳುವ ಕಾಲು. ನಾನು ಎದುರು ಮನೆಯ ಸುಂದರವ್ವ. ಬಹಳಷ್ಟನ್ನು ಕಣ್ಣಾರೆ ಕಂಡಿದ್ದೇನೆ, ಉಳಿದಿದ್ದನ್ನು ಶೈಲಜಾಳ ಅತ್ತೆ ಸೋಮವ್ವನೇ ನನಗೆ ಹೇಳಿದ್ದಾಳೆ. ಮೊದಲಿನಿಂದ ಹೇಳುತ್ತೇನೆ, ಕೇಳಿ.

ಶೈಲಜಾ ನಮ್ಮ ಸೋಮವ್ವನ ಸೊಸೆ. ಗಂಡ ವಿಜಯನ ಬೈಕಿನ ಹಿಂದೆ ಕೂತು ತವರಿನಿಂದ ಬರುವಾಗ, ಕತ್ತಲಲ್ಲಿ ದೀಪವಿಲ್ಲದೆ ನಿಂತಿದ್ದ ಕಬ್ಬಿನ ಟ್ರ್ಯಾಕ್ಟರಿಗೆ ಬೈಕು ಬಡಿಯಿತು. ವಿಜಯನಿಗೆ ಗೀರುಗಾಯ. ಇವಳ ಎಡಗಾಲು ಮೊಣಕಾಲಿನ ಕೆಳಗೆ ಹೋಯಿತು. ಗಾಯ ಮಾಗಿದ ಮೇಲೆ ಬೆಳಗಾವಿಯ ಕೃತಕ ಕಾಲು ಜೋಡಣೆ ಕೇಂದ್ರದಲ್ಲಿ ಅಳತೆ ತೆಗೆದು ಕಾಲು ಮಾಡಿಕೊಟ್ಟರು. ಮೇಲೆ ಪ್ಲಾಸ್ಟಿಕ್ಕಿನ ಬಟ್ಟಲು, ಉಳಿದ ಕಾಲು ಅದರೊಳಗೆ ಕೂರುತ್ತದೆ. ಕಟ್ಟಿಕೊಳ್ಳಲು ಬೆಲ್ಟು. ಕೆಳಗೆ ರಬ್ಬರಿನ ಪಾದ, ಅದಕ್ಕೆ ಬೆರಳುಗಳೂ ಇವೆ. ಶೈಲಜಾ ಗಟ್ಟಿ ಹುಡುಗಿ. ಮೊದಲು ಗೋಡೆ ಹಿಡಿದು, ಆಮೇಲೆ ಕೋಲು ಹಿಡಿದು, ಕೊನೆಗೆ ಏನೂ ಹಿಡಿಯದೆ ನಡೆದಳು. ಗಿರಣಿಗೆ ಹೋದಳು, ಬಸ್ ಸ್ಟ್ಯಾಂಡಿಗೆ ಹೋದಳು. ಸೀರೆ ಉಟ್ಟು ಹೊರಟರೆ ಹೊಸಬರಿಗೆ ಗೊತ್ತೇ ಆಗುತ್ತಿರಲಿಲ್ಲ. ಮುಂದೆ ಮಗ ಅಪ್ಪು ಹುಟ್ಟಿದ.

ಆದರೆ ಈ ನಡಿಗೆಯೆಲ್ಲ ಹೊಸ್ತಿಲಿನ ಹೊರಗಿನ ಮಾತು. ಸೋಮವ್ವ ಬಲು ಚೊಕ್ಕಟದ ಹೆಂಗಸು. ಅವಳ ನೆಲದ ಮೇಲೆ ಅನ್ನ ಚೆಲ್ಲಿ ಉಣ್ಣಬಹುದು. ಬೀದಿ ತುಳಿದದ್ದು ಯಾವುದೂ ಒಳಗೆ ಬರಕೂಡದು ಎಂಬುದು ಅವಳ ಕಾನೂನು. ಸೊಸೆಯ ಹೊಸ ಕಾಲೂ ಬೀದಿ ತುಳಿಯಿತಲ್ಲ, ಅದಕ್ಕೂ ಅದೇ ಕಾನೂನು. ಶೈಲಜಾ ಕಟ್ಟೆಯ ಮೇಲೆ ಕೂತು ಬೆಲ್ಟು ಬಿಚ್ಚಿ, ಕಾಲನ್ನು ಚಪ್ಪಲಿಗಳ ಸಾಲಿನಲ್ಲಿ ಇಟ್ಟು, ಕೋಲು ಹಿಡಿದು ಒಂದೇ ಕಾಲಿನಲ್ಲಿ ಕುಪ್ಪಳಿಸುತ್ತ ಒಳಗೆ ಹೋಗುತ್ತಿದ್ದಳು. ದಿನಾ ಬೆಳಗ್ಗೆ ಸೋಮವ್ವ ಕಟ್ಟೆ ಗುಡಿಸುವಾಗ ಚಪ್ಪಲಿಗಳನ್ನು ಕಸಬರಿಗೆಯಿಂದ ಬದಿಗೆ ಸರಿಸುವಳು, ಅವುಗಳ ಜೊತೆಗೆ ಆ ಕಾಲನ್ನೂ.

ಸೋಮವ್ವ ಕೆಟ್ಟವಳಲ್ಲ, ಈ ಮಾತು ನಾನು ಹೇಳಲೇಬೇಕು. ಸೊಸೆಯ ಬಾಣಂತನವನ್ನು ತಾಯಿಗಿಂತ ಹೆಚ್ಚಾಗಿ ಮಾಡಿದಳು. ಕೂಸಿಗೆ ಎಣ್ಣೆ ಹಚ್ಚಿ ಎರೆಯುವುದು, ತೂಗುವುದು, ಎತ್ತಿ ಆಡಿಸುವುದು ಎಲ್ಲ ಅವಳೇ. ಶೈಲಜಾಳ ಒಂದು ಕೈಯಲ್ಲಿ ಕೋಲು, ಇನ್ನೊಂದು ಕೈ ಗೋಡೆಗೆ. ಕೂಸನ್ನು ಎತ್ತಿಕೊಳ್ಳಲು ಮೂರನೆಯ ಕೈ ಎಲ್ಲಿಂದ ತರಬೇಕು? ಯಾರಾದರೂ ತೊಡೆಯ ಮೇಲೆ ಇಟ್ಟರೆ ಹಾಲೂಡಿಸುವಳು, ಅಷ್ಟೇ.

ಇನ್ನು ಆ ನಾಯಿಯ ದಿನ. ಬೆಳಗ್ಗೆ ನಾನು ಅಂಗಳಕ್ಕೆ ನೀರು ಹಾಕುತ್ತಿದ್ದೆ. ಕಂದು ನಾಯಿಯೊಂದು ಏನನ್ನೋ ದರದರ ಎಳೆದುಕೊಂಡು ತಿಪ್ಪೆಯ ಕಡೆ ಓಡಿತು. ಬೆಲ್ಟು ನೋಡಿ ಗುರುತು ಸಿಕ್ಕಿತು. ಕೊಡ ಅಲ್ಲೇ ಬಿಟ್ಟು ಕಲ್ಲು ತೂರುತ್ತ ಬೆನ್ನು ಹತ್ತಿದೆ. ಸಿಕ್ಕಿತು, ಆದರೆ ಬೆಲ್ಟು ಹರಿದಿತ್ತು, ರಬ್ಬರಿನ ಹಿಮ್ಮಡಿಯಲ್ಲಿ ಹಲ್ಲಿನ ಗುರುತು ಬಿದ್ದಿತ್ತು.

ಅಪ್ಪುವಿಗೆ ಒಂಬತ್ತು ತಿಂಗಳ ದಡಾರದ ಲಸಿಕೆ ಹಾಕಿಸಬೇಕಾದ ದಿನವೂ ಅದೇ ಆಗಿತ್ತು. ನೆನಪಿಸಲು ಬಂದ ಆಶಾ ಕಾರ್ಯಕರ್ತೆ ಪ್ರಜ್ಞಾ, ನನ್ನ ಕೈಯಲ್ಲಿ ಕಾಲು ನೋಡಿ ನಿಂತುಬಿಟ್ಟಳು.

"ಇದು ಹೊರಗ ಯಾಕಿತ್ರಿ?" ಎಂದು ಕೇಳಿದಳು.

"ಮತ್ತ ಎಲ್ಲಿ ಇಡಬೇಕವಾ?" ಸೋಮವ್ವ ಸೆರಗು ಸಿಕ್ಕಿಸಿಕೊಂಡು ಬಂದಳು. "ಬೀದಿ ತುಳಿಯೂದನ್ನ ಒಯ್ದು ದೇವರ ಜಗಲಿ ಮುಂದ ಇಡಬೇಕೇನು?"

"ಸೋಮವ್ವಾರ, ಇದು ಕೆರ ಅಲ್ಲರಿ, ಕಾಲು. ನಿಮ್ಮ ಕಣ್ಣಾಗ ಪೊರಿ ತಗದು ಲೆನ್ಸ್ ಕೂಡಿಸ್ಯಾರಲ್ಲ, ಅದೂ ಮಂದಿ ಮಾಡಿದ್ದಽ. ಅದನ್ನ ಬಾಗಲದಾಗ ಬಿಟ್ಟು ಒಳಗ ಹೋಗತೀರೇನು?"

"ನನ್ನ ಕಣ್ಣು ಸಗಣಿ ತುಳಿಯೂದಿಲ್ಲ."

ನನಗೆ ನಗು ತಡೆಯಲಾಗಲಿಲ್ಲ. ಪ್ರಜ್ಞಾಳೂ ನಕ್ಕಳು. ಸೋಮವ್ವನನ್ನು ಮಾತಿನಲ್ಲಿ ಹಿಡಿಯುವುದು ಸುಲಭವಲ್ಲ. ಆದರೆ ಪ್ರಜ್ಞಾ ಬಿಡುವ ಪೈಕಿಯವಳಲ್ಲ. ಕಟ್ಟೆಯ ಮೇಲೆ ಕೂತು ಮತ್ತೆ ಕೇಳಿದಳು.

"ಬರೋಬ್ಬರಿ ಹೇಳಿದ್ರಿ. ಹೊಲದಿಂದ ಬರುವಾಗ ನಿಮ್ಮ ಕಾಲು ಸಗಣಿ ತುಳದಿರತೈತಿ. ಅದನ್ನ ಎಲ್ಲಿ ಬಿಡತೀರಿ?"

"ಎಲ್ಲಿ ಬಿಡ್ಲಿ? ತೊಳಕೊಂಡು ಒಳಗ ಬರತೇನಿ."

"ನಾ ಹೇಳಾಕ ಹತ್ತಿದ್ದೂ ಅಷ್ಟಽ ರಿ."

"ಅದು ಹುಟ್ಟಾ ಬಂದ ಕಾಲು ಯವ್ವಾ. ಇದು ಕಾರಖಾನ್ಯಾಗ ಮಾಡಿದ್ದು" ಎಂದು ಸೋಮವ್ವ ಮುಖ ತಿರುಗಿಸಿದಳು.

ಪ್ರಜ್ಞಾ ಹೊಸ್ತಿಲ ಮೇಲೆ ಕೂತಿದ್ದ ಶೈಲಜಾಳ ಬಲಗಾಲು ಮುಟ್ಟಿ ನೋಡಿದಳು. ಮೊಣಕಾಲು ಬಾತಿತ್ತು. "ನೋಡ್ರಿಲ್ಲೆ. ಮನಿ ತುಂಬ ಒಂದಽ ಕಾಲಿನ ಮ್ಯಾಲ ಜಿಗದು ಜಿಗದು ಹಿಂಗಾಗೇತಿ. ಇದ್ದೊಂದು ಕಾಲೂ ಹೋದ್ರ ಏನ್ ಮಾಡತೀರಿ? ಒದ್ದಿ ನೆಲದಾಗ ಕೋಲು ಜಾರಿ ಒಲಿ ಮ್ಯಾಲ ಬಿದ್ರ? ನೀನರ ಯಾಕ ಸುಮ್ನಿದ್ದೀ ಶೈಲಜಾ?"

ಆಗ ಶೈಲಜಾ ಬಾಯಿ ಬಿಟ್ಟಳು. ಆ ಮಾತು ನನ್ನ ಎದೆಯಲ್ಲಿ ಇನ್ನೂ ಕೂತಿದೆ.

"ಮೊಣಕಾಲು ನೋಯತೈತಿ, ನೋಯಲೇಳ್ರಿ ಅಕ್ಕಾ. ಅಂಗಳದಾಗ ಕಾಲು ಹಾಕ್ಕೊಂಡು ನಿಂತ್ರ ಅಪ್ಪು ನನ್ನ ಕಡೆ ಕೈ ಚಾಚತಾನ. ಒಳಗ ಹೋದ್ರ ಚಾಚೂದಿಲ್ಲ. ಎದುರಿಗೆ ನಿಂತು ಕರದ್ರೂ ನನ್ನ ಕೋಲು ನೋಡಿ ಅತ್ತಿ ಕಡೆ ತಿರಗತಾನ. ಇಕಿ ಎತ್ತಗೊಳ್ಳಾಕಿ ಅಲ್ಲ ಅಂತ ಅವಗೂ ತಿಳದೈತಿ."

ಸೋಮವ್ವ ಕೂಸನ್ನು ಎತ್ತಿಕೊಂಡು ಲಸಿಕೆ ಹಾಕಿಸಲು ಅಂಗನವಾಡಿಗೆ ನಡೆದಳು.

ಪ್ರಜ್ಞಾ ಅಲ್ಲಿಂದಲೇ ಬೆಳಗಾವಿಯ ಕೇಂದ್ರಕ್ಕೆ ಫೋನ್ ಮಾಡಿದಳು. ಕಾಲು ತಂದರೆ ದುರಸ್ತಿ ಮಾಡುತ್ತೇವೆ, ಹಾಕಿಕೊಳ್ಳುವವರನ್ನೂ ಕರೆತನ್ನಿ, ಅಳತೆ ನೋಡಬೇಕು ಎಂದರು. ಮರುದಿನ ಶೈಲಜಾ, ವಿಜಯ ಹೊರಟರು. ಕೂಸನ್ನು ಹಿಡಿಯಲು ಸೋಮವ್ವನೂ ಬಸ್ಸು ಹತ್ತಿದಳು.

ಕೇಂದ್ರದ ಬಾಗಿಲಲ್ಲಿ ಚಪ್ಪಲಿ ಬಿಡಲು ಒಂದು ಸ್ಟ್ಯಾಂಡ್ ಇತ್ತಂತೆ. ತುಂಬ ಚಪ್ಪಲಿಗಳು. ಸೋಮವ್ವ ಸುಮ್ಮನೆ ಆ ಸಾಲನ್ನು ನೋಡುತ್ತ ನಿಂತಳು. ಕಾಲು ಕಳೆದುಕೊಂಡವರೇ ಬರುವ ಜಾಗ ಅದು. ಆದರೆ ಆ ಸ್ಟ್ಯಾಂಡಿನಲ್ಲಿ ಒಂದೇ ಒಂದು ಕಾಲು ಇರಲಿಲ್ಲ. ರಾಮದುರ್ಗದ ಕಡೆಯ ಲಗಮಣ್ಣ ಎಂಬ ಹಿರಿಯರು ಬಂದರು. ಎರಡೂ ಪಾದದ ಚಪ್ಪಲಿ ಬಿಟ್ಟು, ಬರಿಗಾಲಲ್ಲಿ ಸಲೀಸಾಗಿ ಒಳಗೆ ಹೋಗಿ ಬೆಂಚಿನ ಮೇಲೆ ಕೂತರು. ಅವರ ಬಲಗಾಲು ರಬ್ಬರಿನದು.

ಸೋಮವ್ವ ಮೆಲ್ಲಗೆ ಹತ್ತಿರ ಹೋದಳು. "ಯಣ್ಣಾ, ಮನ್ಯಾಗೂ ಇದನ್ನ ಹಾಕ್ಕೊಂಡಽ ಇರತೀಯೇನು?"

"ಮನ್ಯಾಗ ಇಲ್ಲದ ಕಾಲು ಯಾತಕ್ಕ ಬೇಕು ತಂಗಿ? ಬೀದ್ಯಾಗ ಯಾರ ಕೂಡ ಸಂಸಾರ ಮಾಡೂದೈತಿ?" ಎಂದು ಲಗಮಣ್ಣ ನಕ್ಕರು. "ಹೊರಗಿಂದ ಬಂದಕೂಡ್ಲೆ ಒದ್ದಿ ಬಟ್ಟಿಲೆ ಒರಸತೇನಿ. ಅಡಗಿ ಮನ್ಯಾಗ ಕುಂತು ಉಣತೇನಿ. ಮಲಗೂಮುಂದ ತಗದು ಇಡತೇನಿ."

ಕಾಲು ನೋಡಿದ ತಂತ್ರಜ್ಞ ಲಕ್ಷ್ಮಣ, ಹಲ್ಲಿನ ಗುರುತು ಏನು ಎಂದು ಕೇಳಿದ. ಸೋಮವ್ವನೇ, "ನಾಯಿ. ನಾನಽ ಹೊರಗ ಇಡಸ್ತಿದ್ದೆ" ಎಂದಳು. ಲಕ್ಷ್ಮಣ ಬೈಯಲಿಲ್ಲ. ಹೊಸ ಬೆಲ್ಟು ಹಾಕಿದ. ಹೆರಿಗೆಯ ಮೇಲೆ ಶೈಲಜಾ ಸೊರಗಿದ್ದರಿಂದ ಬಟ್ಟಲು ಸಡಿಲವಾಗಿತ್ತು, ಅದನ್ನೂ ಸರಿಮಾಡಿದ. ಹಾಗೆ ಮಾಡುತ್ತ ಹೇಳಿದ: "ಮುಂಜಾನಿ ಎದ್ದಕೂಡ್ಲೆ ಹಾಕ್ಕೊಬೇಕ್ರಿ, ಮಲಗೂಮುಂದ ತಗೀಬೇಕು. ದಿನಾ ಸಂಜಿಗೆ ಉಳದ ಕಾಲಿನ ತುದಿ ನೋಡ್ಕೋರಿ. ಕೆಂಪಾಗಿದ್ರ, ಗುಳ್ಳಿ ಎದ್ದಿದ್ರ ಕಾಲು ತಗದಿಟ್ಟು ನಮಗ ಫೋನ್ ಮಾಡ್ರಿ. ಒಳಗ ಹಾಕೂ ಕಾಲುಚೀಲ ದಿನಾ ಒಗೀರಿ. ಪಾದ ಒದ್ದಿ ಬಟ್ಟಿಲೆ ಒರಸ್ರಿ, ಬಟ್ಟಲದಾಗ ನೀರು ಹೋಗಬಾರದು. ಬಿಸಲಾಗ ಮಾತ್ರ ಇಡಬ್ಯಾಡ್ರಿ, ರಬ್ಬರ್ ಸೀಳತೈತಿ."

ಅವರು ಊರಿಗೆ ಬಂದಾಗ ಸಂಜೆ. ನಾನು ಬಿಸಿ ಚಹಾ ತೆಗೆದುಕೊಂಡು ಎದುರಾದೆ. ಶೈಲಜಾ ರೂಢಿಯಂತೆ ಕಟ್ಟೆಯ ಮೇಲೆ ಕೂತಳು, ರೂಢಿಯಂತೆ ಬೆಲ್ಟಿಗೆ ಕೈ ಹಾಕಿದಳು.

"ತಡಿ" ಎಂದಳು ಸೋಮವ್ವ. ಕೂಸನ್ನು ವಿಜಯನ ಕೈಗೆ ಕೊಟ್ಟು ಒಳಗೆ ಹೋದವಳು ತಂಬಿಗೆಯಲ್ಲಿ ನೀರು, ಹೆಗಲ ಮೇಲೆ ಒಗೆದ ಬಟ್ಟೆ ತಂದಳು. ಸೊಸೆಯ ಬಲಗಾಲಿನ ಮೇಲೆ ನೀರು ಸುರಿದಳು. ಬಟ್ಟೆ ತೋಯಿಸಿ ಹಿಂಡಿ, ಎಡಗಾಲಿನ ರಬ್ಬರಿನ ಪಾದಕ್ಕೆ ಕೈ ಚಾಚಿದಳು.

ಶೈಲಜಾ ಸರಕ್ಕನೆ ಕಾಲು ಹಿಂದಕ್ಕೆ ಎಳೆದುಕೊಂಡಳು. "ಅತ್ತೀ, ಬ್ಯಾಡ್ರಿ! ನೀವು ಹಿರ್ಯಾರು. ನನ್ನ ಕಾಲು ಮುಟ್ಟಬಾರದು."

ಸೋಮವ್ವನ ಕೈ ಅಲ್ಲೇ ನಿಂತಿತು. "ದಿನಾ ಮುಂಜಾನಿ ಇದನ್ನ ಸರಸತಿದ್ನಲ್ಲ, ಆವಾಗ ಯಾಕ ಬ್ಯಾಡ ಅನಲಿಲ್ಲ?"

ಸೋಮವ್ವ ಆ ಪಾದವನ್ನೇ ನೋಡಿದಳು. ಅವಳ ಕಣ್ಣಲ್ಲಿ ನೀರು ಬಂದಿತ್ತು, ನಾನು ನೋಡಿದೆ.

"ಇಷ್ಟ ದಿನಾ ನಿನ್ನ ಕಾಲಿಗೆ ಕಸಬರಿಗಿ ಹಚ್ಚೇನಿ" ಎಂದಳು. "ಇವತ್ತ ಕೈ ಹಚ್ಚತೇನಿ. ಸುಮ್ಮ ಕೊಡು."

ಒರೆಸಿದಳು. ಹಿಮ್ಮಡಿ, ಬೆರಳುಗಳ ಸಂದು, ಎಲ್ಲವನ್ನೂ. ಆಮೇಲೆ, "ಏಳು, ದೀಪಾ ಹಚ್ಚೂ ಹೊತ್ತಾತು. ಒಳಗ ನಡಿ" ಎಂದಳು.

ಶೈಲಜಾ ಹೊಸ್ತಿಲು ದಾಟಿ ಎರಡೂ ಕಾಲಿನ ಮೇಲೆ ಒಳಗೆ ಹೋದಳು. ಕೋಲು ಕಟ್ಟೆಯ ಮೇಲೆ ಉಳಿಯಿತು. ನಾನೂ ಚಹಾ ಹಿಡಿದು ಹಿಂದೆಯೇ ಹೋದೆ.

ಅಡುಗೆ ಮನೆಯಲ್ಲಿ ಸೋಮವ್ವ ರೊಟ್ಟಿಗೆ ಹಿಟ್ಟು ನಾದತೊಡಗಿದಳು. ವಿಜಯ ಅಪ್ಪುವನ್ನು ಚಾಪೆಯ ಮೇಲೆ ಕೂರಿಸಿದ. ಸ್ವಲ್ಪ ಹೊತ್ತಿಗೆ ಅಪ್ಪು ಅಳಲು ಶುರುಮಾಡಿ ಅಜ್ಜಿಯ ಕಡೆ ತಿರುಗಿದ. "ನನ್ನ ಕೈ ತುಂಬ ಹಿಟ್ಟೈತಪಾ" ಎಂದ ಅಜ್ಜಿ ತಲೆ ಎತ್ತಲಿಲ್ಲ. ಕೈ ತೊಳೆದುಕೊಳ್ಳಲು ಮಗ್ಗುಲಲ್ಲೇ ನೀರಿತ್ತು, ಆದರೂ ಕೂಸನ್ನು ಎತ್ತಿಕೊಳ್ಳಲಿಲ್ಲ.

ಅಪ್ಪು ಅಮ್ಮನ ಕಡೆ ನೋಡಿದ. ಅವಳ ಕೈಯಲ್ಲಿ ಕೋಲಿರಲಿಲ್ಲ, ಗೋಡೆಯನ್ನೂ ಹಿಡಿದಿರಲಿಲ್ಲ. ಅಳು ನಿಲ್ಲಿಸಿ, ಏನೋ ಲೆಕ್ಕ ತಪ್ಪಿದವನಂತೆ ಬಹಳ ಹೊತ್ತು ನೋಡಿದ. ಆಮೇಲೆ ಎರಡೂ ಕೈ ಮೇಲಕ್ಕೆ ಎತ್ತಿದ.

ಶೈಲಜಾ ಬಗ್ಗಿ ಅವನನ್ನು ಎತ್ತಿಕೊಂಡಳು. ಎತ್ತಿಕೊಂಡು ಅಡುಗೆ ಮನೆಯಿಂದ ಪಡಸಾಲೆಗೆ, ಪಡಸಾಲೆಯಿಂದ ದೇವರ ಜಗಲಿಯ ಮುಂದಕ್ಕೆ ನಡೆದಳು. ಮನೆ ಚಿಕ್ಕದು, ಆದರೂ ದೀಪ ಹಚ್ಚುವವರೆಗೂ ಅವಳು ನಡೆಯುತ್ತಲೇ ಇದ್ದಳು.

ಅಕ್ಕಂದಿರೇ, ಅಣ್ಣಂದಿರೇ, ಕೇಳಿದಿರಲ್ಲ, ಈಗ ನಿಮ್ಮ ಮನೆಯ ಮಾತಿಗೆ ಬನ್ನಿ. ನಮ್ಮ ನೆರೆಹೊರೆಯಲ್ಲಿ ಜೋಡಿಸಿಕೊಳ್ಳುವ ಕಾಲು ಇದ್ದೂ ಕುಂಟುವವರಿದ್ದಾರೆ, ಕಿವಿಯ ಮಷಿನ್ ಇದ್ದೂ ಕೇಳದವರಿದ್ದಾರೆ. ಹಬ್ಬಕ್ಕೆ, ಮದುವೆಗೆ ಮಾತ್ರ ಅಂತ ಅದನ್ನು ಟ್ರಂಕಿನಲ್ಲಿ ಬಟ್ಟೆ ಸುತ್ತಿ ಇಡುತ್ತೇವೆ. ಹೊರಗಿನವರ ಎದುರು ನಡೆದರೆ, ಕೇಳಿದರೆ ಸಾಕೇ? ಮನೆಯಲ್ಲಿ ಮಕ್ಕಳು ಕರೆಯುವುದಿಲ್ಲವೇ? ಸಡಿಲವಾಗಿದ್ದರೆ, ನೋಯುತ್ತಿದ್ದರೆ ಮೂಲೆಗೆ ಹಾಕಬೇಡಿ, ಕೊಟ್ಟವರ ಹತ್ತಿರ ತೆಗೆದುಕೊಂಡು ಹೋಗಿ, ಸರಿಮಾಡುವುದು ಅವರ ಕೆಲಸ. ಇನ್ನೂ ಸಿಗದವರು ನಿಮ್ಮ ಆಶಾ ಕಾರ್ಯಕರ್ತೆಯನ್ನು ಕೇಳಿ, ಇಲ್ಲವೇ ಗ್ರಾಮ ಪಂಚಾಯಿತಿಗೆ ಹೋಗಿ ವಿಚಾರಿಸಿ. ಕೇಳಲು ನಾಚಿಕೆ ಬೇಡ.

ಇವತ್ತು ಮನೆಗೆ ಹೋದಾಗ ಚಪ್ಪಲಿ ಬಿಡುವ ಜಾಗವನ್ನು ಒಮ್ಮೆ ನೋಡಿ. ಅಲ್ಲಿ ನಿಮ್ಮವರ ಕಾಲು ಇದ್ದರೆ, ಒರೆಸಿ ಒಳಗೆ ಕರೆದುಕೊಳ್ಳಿ.