ಒರೆಸಿದ ಜಾಗದಲ್ಲೇ ಮತ್ತೆ ಮತ್ತೆ

ಚಿಕ್ಕಬಾಣಾವರದ ರೈಲು ನಿಲ್ದಾಣದಿಂದ ಹತ್ತು ನಿಮಿಷ ನಡೆದರೆ ಮುನಿಕೆಂಪಮ್ಮನವರ ಮನೆ. ಕೆಳಗೆ ಅವರು, ಹಿತ್ತಲಲ್ಲಿ ಅವರ ಎರಡು ಹಸು, ಮೇಲಿನ ಮಹಡಿಯಲ್ಲಿ ಬಾಡಿಗೆಗೆ ಈರವ್ವನ ಸಂಸಾರ. ಈರವ್ವನ ಗಂಡ ವಿರೂಪಾಕ್ಷ ಕಾರ್ಖಾನೆಯೊಂದರಲ್ಲಿ ಫಿಟ್ಟರ್. ಮಗಳು ಸ್ನೇಹಾ ಪಿಯುಸಿ ಓದುತ್ತಿದ್ದಾಳೆ. ಗದಗದ ಕಡೆಯಿಂದ ಇವರು ಇಲ್ಲಿಗೆ ಬಂದು ಹದಿನಾಲ್ಕು ವರ್ಷವಾಯಿತು.

ಒಂದು ತಿಂಗಳ ಹಿಂದೆ ಸ್ನೇಹಾ ನಿಲ್ದಾಣದ ಹತ್ತಿರ ಸಿಕ್ಕ ಹೆಣ್ಣು ನಾಯಿಮರಿಯೊಂದನ್ನು ದುಪ್ಪಟ್ಟಾದಲ್ಲಿ ಸುತ್ತಿ ಮನೆಗೆ ತಂದಳು. ಹುರಿದ ಶೇಂಗಾದ ಬಣ್ಣ, ಹಾಗಾಗಿ ಹೆಸರೂ ಶೇಂಗಾ. ಮರಿ ಜಾಣೆ. ಕರೆದರೆ ಬರುತ್ತಿತ್ತು, ಚಪ್ಪಲಿ ಕಚ್ಚುತ್ತಿರಲಿಲ್ಲ. ಆದರೆ ಮನೆಯೊಳಗೇ ಉಚ್ಚೆ ಹೊಯ್ಯುತ್ತಿತ್ತು. ಅದೂ ಎಲ್ಲೆಂದರಲ್ಲಿ ಅಲ್ಲ, ದೇವರ ಜಗಲಿಯ ಮುಂದೆ.

ಆ ದಿನ ಬೆಳಿಗ್ಗೆಯೂ ಅದೇ ಆಯಿತು. ಈರವ್ವ ಸ್ನಾನ ಮಾಡಿ, ಹೂವಿನ ಬುಟ್ಟಿ ಹಿಡಿದು ಬಂದರೆ ಜಗಲಿಯ ಮುಂದೆ ಅಂಗೈಯಗಲ ಒದ್ದೆ.

"ಮತ್ತ ಹೊಯ್ದೈತಿ ನೋಡ ಸ್ನೇಹಾ! ಈಗಷ್ಟ ನೆಲಾ ಒರಸಿ ಎದ್ದೀನಿ, ಕೈ ಸೈತ ಒಣಗಿಲ್ಲ."

"ಪಾಪ, ಅದಕ್ಕೇನ್ ಗೊತ್ತಾಗುತ್ತವ್ವ? ಚಿಕ್ಕದು ಅದು."

"ಚಿಕ್ಕದು ಅಂತ ದೇವರ ಮುಂದನ ಹೊಯ್ಯೂದೇನ? ಇಷ್ಟ ದೊಡ್ಡ ಮನಿಯೊಳಗ ಅದಕ್ಕ ಬ್ಯಾರೆ ಜಾಗಾನ ಸಿಗವಲ್ದು. ನನ್ನ ಜೋಡಿ ಹಟಕ್ಕ ಬಿದ್ದೈತಿ."

ಈರವ್ವ ನೀರು ಹಾಕಿ ಒರೆಸಿದಳು. ಅಷ್ಟಕ್ಕೆ ಮನಸ್ಸು ಒಪ್ಪಲಿಲ್ಲ. ಮುನಿಕೆಂಪಮ್ಮನವರ ಕೊಟ್ಟಿಗೆಯಿಂದ ದಿನವೂ ತರುತ್ತಿದ್ದ ಗೋಮೂತ್ರ ತಾಮ್ರದ ತಂಬಿಗೆಯಲ್ಲಿತ್ತು. ಅದರಲ್ಲಿ ಮಾವಿನ ಎಲೆ ಅದ್ದಿ ಆ ಜಾಗಕ್ಕೆ ಮೂರು ಸಲ ಚಿಮುಕಿಸಿದಳು. ಮೊದಲು ಹಬ್ಬ ಹುಣ್ಣಿಮೆಗೆ ಮಾತ್ರ ಚಿಮುಕಿಸುತ್ತಿದ್ದವಳು ಮರಿ ಬಂದ ಮೇಲೆ ದಿನಕ್ಕೆ ನಾಲ್ಕೈದು ಸಲ ಚಿಮುಕಿಸುವಂತಾಗಿತ್ತು. ಶುದ್ಧವಾಗದೆ ಪೂಜೆಗೆ ಕೂರುವುದು ಹೇಗೆ?

ಆಕೆ ಪೂಜೆ ಮುಗಿಸಿ ಏಳುವ ಹೊತ್ತಿಗೆ ವಿರೂಪಾಕ್ಷ ಡ್ಯೂಟಿಗೆ ಹೊರಟು ನಿಂತಿದ್ದ. ಜಗಲಿಗೆ ಕೈ ಮುಗಿಯಲು ಬಂದವನ ಕಾಲುಚೀಲ ತೊಯ್ದು ತಣ್ಣಗಾಯಿತು. ಶೇಂಗಾ ಮತ್ತೆ ಅಲ್ಲೇ ಹೊಯ್ದಿತ್ತು.

"ಥೂ ಇದರ!" ಎಂದು ಅವನು ಮರಿಯ ಕುತ್ತಿಗೆ ಹಿಡಿದು, ಮೂಗನ್ನು ಆ ಒದ್ದೆಗೆ ತಿಕ್ಕಿದ. ಮಡಚಿದ ಪೇಪರಿನಿಂದ ಎರಡು ಬಾರಿಸಿದ. ಮರಿ ಕುಂಯ್‌ಗುಟ್ಟುತ್ತ ಮಂಚದ ಕೆಳಗೆ ಓಡಿತು. ಹೋದಲ್ಲಿ ಹೆದರಿ ಇನ್ನಷ್ಟು ಹೊಯ್ದಿತು.

"ಸಾಕು. ಬರೂ ರವಿವಾರ ನಮ್ಮ ಕಂಪನಿ ಗಾಡಿ ಹೆಸರಘಟ್ಟದ ಕಡೆ ಹೊಂಟೈತಿ. ಕೆರಿ ಹತ್ರ ಬಿಟ್ಟ ಬರ್ತೀನಿ."

ಸ್ನೇಹಾಳ ಕೈಯಲ್ಲಿದ್ದ ರೊಟ್ಟಿ ಹಾಗೇ ನಿಂತಿತು. "ಅಪ್ಪಾ, ಅಲ್ಲಿ ದೊಡ್ಡ ನಾಯಿಗಳ ಗುಂಪಿದೆ. ಇದನ್ನ ಒಂದಿನಾನೂ ಬದುಕೋಕೆ ಬಿಡಲ್ಲ ಅವು."

ವಿರೂಪಾಕ್ಷ ಬೇರೆ ಕಾಲುಚೀಲ ಹುಡುಕತೊಡಗಿದ. ಮರಿಯನ್ನು ಕಂಡರೆ ಈರವ್ವನಿಗೂ ಅಕ್ಕರೆ. ಆದರೆ ದೇವರ ಮುಂದೆ ಹೊಯ್ಯುವ ಪ್ರಾಣಿಯನ್ನು ಯಾವ ಬಾಯಲ್ಲಿ ವಹಿಸಿಕೊಳ್ಳುವುದು?

ಅಂದು ಸಂಜೆ ಮುನಿಕೆಂಪಮ್ಮನವರ ಪಡಸಾಲೆಯಲ್ಲಿ ಮಹಿಳಾ ಸಂಘದ ಸಭೆಯಿತ್ತು. ಸಂಘದ ಸದಸ್ಯೆ ಆಶಾರಾಣಿ ಪಶು ಆಸ್ಪತ್ರೆಯಲ್ಲಿ ಸಹಾಯಕಿ. ಶೇಂಗಾಗೆ ಲಸಿಕೆಗಳನ್ನು ಹಾಕಿಸಿ ಕೊಟ್ಟಿದ್ದೂ ಆಕೆಯೇ. ಸಭೆ ಮುಗಿದು ಎಲ್ಲರೂ ಕಾಫಿ ಕುಡಿಯುವಾಗ ಮುನಿಕೆಂಪಮ್ಮ ಬಾಯಿ ತೆರೆದರು.

"ಕೇಳುದ್ರೇನ್ರವ್ವಾ? ಮೇಲ್ಗಡೆ ಮನೇಲಿ ನಾಯಿಮರಿ ದಿನಾ ದೇವ್ರಿಗೆ ಅಭಿಸೇಕ ಮಾಡ್ತದಂತೆ! ಪೂಜಾರಿನೇ ಬ್ಯಾಡ ಇನ್ಮೇಲೆ."

ಹೆಂಗಸರೆಲ್ಲ ನಕ್ಕರು. ಈರವ್ವ ಮುಖ ಕೆಳಗೆ ಹಾಕಿದಳು. ಆಶಾರಾಣಿ ಮಾತ್ರ ನಗಲಿಲ್ಲ. ಲೋಟ ಕೆಳಗಿಟ್ಟು, "ನಡೀರಿ ಅಕ್ಕ, ನೋಡೋಣ" ಎಂದು ಈರವ್ವನ ಜೊತೆ ಮೆಟ್ಟಿಲು ಹತ್ತಿದಳು.

"ಮರಿಗೆ ಎಷ್ಟು ತಿಂಗಳು ಈಗ?"

"ಮೂರೂವರಿ ಇರಬೇಕ್ರಿ."

"ಊಟ ಎಷ್ಟೊತ್ತಿಗೆ ಹಾಕ್ತೀರಾ?"

"ಹೊತ್ತೇನ್ ಬಂತ್ರಿ ಅದಕ್ಕ? ಉಳದಾಗ ಹಾಕ್ತೀವಿ."

"ಹೊರಗೆ ಯಾವಾಗ ಕರ್ಕೊಂಡು ಹೋಗ್ತೀರಾ?"

"ಸ್ನೇಹಾ ಕಾಲೇಜಿಂದ ಬಂದ ಮ್ಯಾಲ, ನಾಕ ಗಂಟೇಕ."

"ಅಂದ್ರೆ ಬೆಳಗ್ಗೆಯಿಂದ ನಾಲ್ಕು ಗಂಟೆವರೆಗೂ ಅದು ತಡ್ಕೊಂಡಿರ್ಬೇಕು. ನಮ್ಮ ಕೈಲಿ ಆಗುತ್ತಾ ಅಕ್ಕ?"

ಈರವ್ವನಿಗೆ ನಗು ಬಂತು. "ಬಸ್ಸಿನ್ಯಾಗ ಊರಿಗೆ ಹೋಗೂಮುಂದ ನನ್ನ ಪಾಡು ನನಗ ಗೊತ್ತೈತ್ರಿ."

"ಹಾಂ. ಈ ವಯಸ್ಸಿನ ಮರಿ ಹಗಲು ಹೊತ್ತು ಮೂರು ನಾಲ್ಕು ಗಂಟೆ ತಡೆದ್ರೆ ಅದೇ ಹೆಚ್ಚು. ಅದು ಹಟ ಮಾಡ್ತಿಲ್ಲ, ಅದಕ್ಕೆ ಆಗ್ತಿಲ್ಲ."

"ಆತು, ಒಪ್ಪಿದೆ. ಆದರ ಜಗಲಿ ಮುಂದನ ಯಾಕ?"

ದೀಪ ಹಚ್ಚುವ ಹೊತ್ತಾಗಿತ್ತು. ಮಾತಾಡುತ್ತಲೇ ಈರವ್ವ ರೂಢಿಯಂತೆ ತಂಬಿಗೆ ತಂದು, ಎಲೆ ಅದ್ದಿ, ಜಗಲಿಯ ಮುಂದೆ ಚಿಮುಕಿಸಿದಳು. ಮಂಚದ ಕೆಳಗಿದ್ದ ಶೇಂಗಾ ಮೂಗೆತ್ತಿತು. ಮೆಲ್ಲಗೆ ಬಂದು ಹನಿ ಬಿದ್ದ ಜಾಗವನ್ನು ಮೂಸಿತು. ಒಂದು ಸುತ್ತು ಸುತ್ತಿತು, ಇನ್ನೊಂದು ಸುತ್ತು ಸುತ್ತಿತು, ಅಲ್ಲೇ ಕೂತಿತು.

ಆಶಾರಾಣಿ ತಕ್ಷಣ ಮರಿಯನ್ನು ಎತ್ತಿಕೊಂಡಳು. "ಅಕ್ಕ, ತಂಬಿಗೆಯಲ್ಲಿ ಏನಿದೆ?"

"ಗೋಮೂತ್ರರಿ. ದಿನಕ್ಕ ನಾಕೈದ ಸಲ ಹಾಕ್ತೀನಿ, ಶುದ್ಧ ಆಗಬೇಕಲ್ರಿ ಮತ್ತ?"

ಈರವ್ವನ ಭಕ್ತಿಗೆ ನೋವಾಗದಂತೆ ಆಶಾರಾಣಿ ಹೇಳಬೇಕಿತ್ತು.

"ನಮಗೆ ಅದು ಪವಿತ್ರ ಅಕ್ಕ. ಈ ಮರಿಗೆ ಅದೆಲ್ಲ ತಿಳಿಯಲ್ಲ. ಅದಕ್ಕೆ ಗೊತ್ತಿರೋದು ಮೂಗೊಂದೇ. ಎಲ್ಲಿ ಮೂತ್ರದ ವಾಸನೆ ಇದೆಯೋ ಅಲ್ಲಿ ಹೊಯ್ಬೋದು ಅಂತ ಅದರ ಲೆಕ್ಕ. ಅದು ಹಸುದಾದ್ರೂ ಅಷ್ಟೇ, ನಾಯಿದಾದ್ರೂ ಅಷ್ಟೇ. ದಿನಕ್ಕೆ ನಾಲ್ಕು ಸಲ ಅಲ್ಲೇ ಆ ವಾಸನೆ ಹಾಕಿ, ಇಲ್ಲೇ ಬಾ ಅಂತ ನಾವೇ ಕರೆದ ಹಾಗಾಯ್ತು."

ಈರವ್ವನ ಕೈಯಲ್ಲಿದ್ದ ಎಲೆಯಿಂದ ಇನ್ನೂ ಹನಿ ಬೀಳುತ್ತಿತ್ತು. "ಅಂದರ ನಾ ಶುದ್ಧ ಮಾಡಿದ್ದ ತಪ್ಪಾತೇನ್ರಿ?"

"ನಿಮ್ಮ ಮನಸ್ಸು ತಪ್ಪಲ್ಲ ಅಕ್ಕ. ಆದ್ರೆ ಮರಿ ಹೊಯ್ದಿದ್ದು ಪೂರ್ತಿ ಹೋಗಿರಲಿಲ್ಲ. ಬರೀ ನೀರಲ್ಲಿ ಒರೆಸಿದ್ರೆ ನಮಗೆ ವಾಸನೆ ಹೋಗುತ್ತೆ, ಅದಕ್ಕೆ ಹೋಗಲ್ಲ. ಮೊದಲು ಒಣ ಬಟ್ಟೆಯಲ್ಲಿ ಹೀರಿಸಿ. ಸೋಪಿನ ನೀರಲ್ಲಿ ತೊಳೀರಿ. ಆಮೇಲೆ ಬಿಳಿ ವಿನೆಗರ್‌ಗೆ ಅಷ್ಟೇ ನೀರು ಬೆರೆಸಿ ಹಾಕಿ, ಹತ್ತು ನಿಮಿಷ ಬಿಟ್ಟು ಒರೆಸಿ. ನಿಮ್ಮದು ಟೈಲ್ಸ್ ನೆಲ, ಏನೂ ಆಗಲ್ಲ. ಮಾರ್ಬಲ್ ಆಗಿದ್ರೆ ವಿನೆಗರ್ ಬೇಡ ಅಂತಿದ್ದೆ."

ಅಷ್ಟರಲ್ಲಿ ವಿರೂಪಾಕ್ಷ ಡ್ಯೂಟಿಯಿಂದ ಬಂದ. ಎಲ್ಲ ಕೇಳಿಸಿಕೊಂಡು, "ಇವೆಲ್ಲ ದೊಡ್ಡವರ ಮನಿ ನಾಯಿಗೆ ಸರಿ. ಬೀದಿ ನಾಯಿಗೆ ಪೆಟ್ಟು ಬಿದ್ದರನ ಬುದ್ಧಿ ಬರತೈತಿ" ಎಂದ.

"ಬಂತಾ ಸಾರ್?" ಎಂದಳು ಆಶಾರಾಣಿ. "ಒಂದು ತಿಂಗಳಿಂದ ಹೊಡೀತಿದ್ದೀರಲ್ಲ."

"ಮೂಗೂ ತಿಕ್ತಾರೆ" ಎಂದಳು ಒಳಗಿನಿಂದ ಬಂದ ಸ್ನೇಹಾ. ಆಶಾರಾಣಿ ವಿರೂಪಾಕ್ಷನತ್ತ ತಿರುಗಿದಳು.

"ಹೊಯ್ದು ಆದ ಮೇಲೆ ಮೂಗು ತಿಕ್ಕಿದ್ರೆ ಯಾಕೆ ಅಂತ ಅದಕ್ಕೆ ಅರ್ಥ ಆಗಲ್ಲ. ನಿಮ್ಮನ್ನ ಕಂಡ್ರೆ ಹೆದರಬೇಕು ಅಂತಷ್ಟೇ ಕಲಿಯುತ್ತೆ. ಆಮೇಲೆ ಮಂಚದ ಕೆಳಗೆ, ಬೀರು ಹಿಂದೆ ಕದ್ದು ಹೊಯ್ಯುತ್ತೆ. ಅದಕ್ಕಿಂತ ಹೊರಗೆ ಹೊಯ್ದಾಗ ಅಲ್ಲೇ, ಆ ಕ್ಷಣಕ್ಕೇ, ಒಂದು ಒಳ್ಳೇ ಮಾತು ಹೇಳಿ. ಒಂದು ಚೂರು ರೊಟ್ಟಿ ಕೊಡಿ."

"ಉಚ್ಚಿ ಹೊಯ್ದಿದ್ದಕ್ಕ ಬಹುಮಾನ!" ವಿರೂಪಾಕ್ಷ ನಕ್ಕ. ಮಗಳ ಮುಖ ನೋಡಿ ನಗು ನಿಲ್ಲಿಸಿದ. "ಆತು. ಈ ರವಿವಾರ ಬಿಟ್ಟು ಮುಂದಿನ ರವಿವಾರದ ತನಕ ನೋಡ್ರಿ. ಆ ಮ್ಯಾಲ ನನ್ನ ಕೇಳಬ್ಯಾಡ್ರಿ."

ಮಾರನೆಯ ಬೆಳಿಗ್ಗೆಯಿಂದಲೇ ಆಶಾರಾಣಿ ಹೇಳಿಕೊಟ್ಟಂತೆ ಕೆಲಸ ಶುರುವಾಯಿತು. ಹಿತ್ತಲಿನ ಹೊಂಗೆ ಮರದ ಬುಡವನ್ನು ಮುನಿಕೆಂಪಮ್ಮ ಬಿಟ್ಟುಕೊಟ್ಟರು. "ಓಗ್ಲಿ ಬಿಡವ್ವ, ಮರ ಏನ್ ಬ್ಯಾಡ ಅಂದಾತೆ? ಕಕ್ಕ ಮಾಡುದ್ರೆ ಮಾತ್ರ ಎತ್ತಾಕ್ಬೇಕು" ಎಂದು ಷರತ್ತು ಹಾಕಿದರು. ಮರಿಯ ಉಚ್ಚೆ ಒರೆಸಿದ ಬಟ್ಟೆಯನ್ನು ಸ್ನೇಹಾ ಆ ಮರದ ಬುಡದಲ್ಲಿ ಇಟ್ಟಳು, ವಾಸನೆ ಹಿಡಿದು ಅದು ಜಾಗ ಗುರುತಿಸಲಿ ಎಂದು.

ಎದ್ದ ಕೂಡಲೇ ಕೆಳಗೆ. ಉಂಡ ಹತ್ತು ನಿಮಿಷಕ್ಕೆ ಕೆಳಗೆ. ಆಡಿ ದಣಿದ ಮೇಲೆ ಕೆಳಗೆ. ನಿದ್ದೆ ಮಾಡಿ ಎದ್ದರೆ ಕೆಳಗೆ, ಮಲಗುವ ಮುಂಚೆ ಕೆಳಗೆ. ಸ್ನೇಹಾ ಇಲ್ಲದಾಗ ಎರಡು ಗಂಟೆಗೊಮ್ಮೆ ಈರವ್ವನೇ ಮರಿಯನ್ನು ಎತ್ತಿಕೊಂಡು ಮೆಟ್ಟಿಲಿಳಿದಳು. ಊಟ ದಿನಕ್ಕೆ ಮೂರು ಸಲ, ಹೇಳಿದ ಹೊತ್ತಿಗೆ. ಮರದ ಬುಡದಲ್ಲಿ ಹೊಯ್ದ ಕೂಡಲೇ "ಶಾಣ್ಯಾಕಿ! ಶಾಣ್ಯಾಕಿ!" ಎಂದು ಹೊಗಳಿ ರೊಟ್ಟಿಯ ಚೂರು ಕೊಟ್ಟಳು.

ಗೋಮೂತ್ರದ ವಿಷಯ ಈರವ್ವ ತಾನೇ ಯೋಚಿಸಿ ನಿರ್ಧರಿಸಿದಳು. ಮೊದಲ ದಿನ ಖಾಲಿ ತಂಬಿಗೆ ಹಿಡಿದು ಜಗಲಿಯ ಮುಂದೆ ಬಹಳ ಹೊತ್ತು ನಿಂತಿದ್ದಳು. ಕೊನೆಗೆ ಶುದ್ಧ ನೀರಿಗೆ ಒಂದು ಚಿಟಿಕೆ ವಿಭೂತಿ ಹಾಕಿ, ಅದನ್ನೇ ಚಿಮುಕಿಸಿದಳು. "ಮರಿ ಕಲಿಯೂತನಕ ಇದನ್ನ ಒಪ್ಪಿಸ್ಕೊಳಪ್ಪಾ" ಎಂದು ದೇವರಿಗೆ ಹೇಳಿ ಪೂಜೆಗೆ ಕೂತಳು.

ತಪ್ಪು ಆಗಲೇ ಇಲ್ಲವೆಂದಲ್ಲ. ಮೊದಲ ವಾರ ದಿನಕ್ಕೆ ಎರಡು ಸಲ ಒಳಗೇ ಆಯಿತು. ಎರಡನೆಯ ವಾರ ಮೂರು ದಿನ ನೆಲ ಒಣಗಿಯೇ ಇತ್ತು. ಶನಿವಾರ ಅಡುಗೆಮನೆಯ ಬಾಗಿಲಲ್ಲಿ ಮತ್ತೆ ಒಂದು ಸಲ ಹೊಯ್ದಿತು. ವಿರೂಪಾಕ್ಷ ಅದನ್ನು ನೋಡಿದ, ಬೈಯಲಿಲ್ಲ. ಗಾಡಿಯ ಡ್ರೈವರಿಗೆ ಫೋನ್ ಮಾಡಿ, "ನಾಳೆ ಏಳಕ್ಕ ಬಂದಬಿಡಪಾ" ಎಂದ. ಸ್ನೇಹಾ ಆ ದಿನ ಊಟ ಮಾಡಲಿಲ್ಲ.

ಭಾನುವಾರ ಬೆಳಿಗ್ಗೆ, ಏಳಾಗಲು ಹತ್ತು ನಿಮಿಷ. ಈರವ್ವ ಪೂಜೆಗೆ ಕೂತಿದ್ದಳು. ಒಮ್ಮೆ ಕೂತರೆ ಮುಗಿಯುವವರೆಗೆ ಆಕೆ ಏಳುವುದಿಲ್ಲ, ಮಾತಾಡುವುದಿಲ್ಲ. ಸ್ನೇಹಾ ಬಚ್ಚಲಲ್ಲಿದ್ದಳು. ವಿರೂಪಾಕ್ಷ ಕನ್ನಡಿಯ ಮುಂದೆ ತಲೆ ಬಾಚುತ್ತಿದ್ದ. ಶೇಂಗಾ ಎದ್ದು ಮೈ ಮುರಿದು ನೇರವಾಗಿ ಜಗಲಿಯ ಹತ್ತಿರ ಬಂತು. ಈರವ್ವ ಉಸಿರು ಹಿಡಿದಳು. ಮರಿ ನೆಲ ಮೂಸಿತು. ಆಚೆ ಮೂಸಿತು, ಈಚೆ ಮೂಸಿತು. ಅಲ್ಲಿ ಅದಕ್ಕೆ ಏನೂ ಸಿಗಲಿಲ್ಲ. ತಿರುಗಿ ಹೋಗಿ ಬಾಗಿಲನ್ನು ಕಾಲಿನಿಂದ ಕೆರೆಯುತ್ತ ಕುಂಯ್‌ ಎಂದಿತು.

ಈರವ್ವ ಬಾಯಿ ತೆರೆಯುವಂತಿಲ್ಲ. ಗಂಡನ ಕಡೆ ನೋಡಿ ಬಾಗಿಲಿನತ್ತ ಕೈ ಮಾಡಿದಳು.

"ನಾನ?" ಎಂದ ವಿರೂಪಾಕ್ಷ. ಆಕೆ ಮತ್ತೆ ಕೈ ಮಾಡಿದಳು, ಈ ಸಲ ಜೋರಾಗಿ.

ಅವನು ಬಾಚಣಿಗೆ ಇಟ್ಟು, ಮರಿಯನ್ನು ಎತ್ತಿಕೊಂಡು ಬರಿಗಾಲಲ್ಲಿ ಮೆಟ್ಟಿಲಿಳಿದ. ಹೊಂಗೆ ಮರದ ಬುಡದಲ್ಲಿ ಬಿಟ್ಟ ಕೂಡಲೇ ಶೇಂಗಾ ಕೂತು ಹೊಯ್ದಿತು, ಆಮೇಲೆ ತಲೆಯೆತ್ತಿ ಅವನ ಮುಖವನ್ನೇ ನೋಡಿತು. ವಿರೂಪಾಕ್ಷ ಅತ್ತ ಇತ್ತ ನೋಡಿ ಮೆಲ್ಲಗೆ, "ಶಾಣ್ಯಾಕಿ ಅದಿ" ಎಂದ.

ಹಸುವಿನ ಆಚೆಯಿಂದ ಹಾಲು ಕರೆಯುತ್ತಿದ್ದ ಮುನಿಕೆಂಪಮ್ಮನವರ ದನಿ ಬಂತು: "ವಸಿ ಗಟ್ಟಿಯಾಗೇಳಪ್ಪ, ಅದಕ್ಕೂ ಕೇಳಿಸ್ಲಿ!"

ಬೀದಿಯಲ್ಲಿ ಗಾಡಿಯ ಹಾರ್ನ್ ಕೇಳಿಸಿತು. ಡ್ರೈವರ್ ಇಣುಕಿ, "ಎಲ್ಲಿ ಸಾರ್, ಬಿಡ್ಬೇಕಾಗಿರೋ ನಾಯಿ?" ಎಂದ.

ವಿರೂಪಾಕ್ಷ ಮರಿಯನ್ನು ಎತ್ತಿ ಹೆಗಲಿಗೆ ಹಾಕಿಕೊಂಡ. "ಇಕಿ ಬರಂಗಿಲ್ಲೋ. ನೀ ನಡಿ."

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯ ಮರಿಯೂ ಒಳಗೇ ಹೊಯ್ಯುತ್ತಿದ್ದರೆ ಅದಕ್ಕೆ ಹೊಡೆಯಬೇಡಿ, ಬೀದಿಗೆ ಬಿಡಬೇಡಿ. ಅದು ಹೊಯ್ದ ಜಾಗವನ್ನು ವಾಸನೆ ಉಳಿಯದಂತೆ ತೊಳೆಯಿರಿ. ಅಲ್ಲಿಗೆ ಯಾವ ಮೂತ್ರದ ವಾಸನೆಯನ್ನೂ ತರಬೇಡಿ. ಹೊತ್ತಿಗೆ ಸರಿಯಾಗಿ ಊಟ ಕೊಟ್ಟು, ಒಂದೇ ಜಾಗಕ್ಕೆ ಕರೆದುಕೊಂಡು ಹೋಗಿ, ಹೊಯ್ದ ಕೂಡಲೇ ಹೊಗಳಿ. ಕೆಲವು ಮರಿಗಳು ಎರಡು ವಾರಕ್ಕೆ ಕಲಿಯುತ್ತವೆ, ಕೆಲವಕ್ಕೆ ತಿಂಗಳುಗಳೇ ಬೇಕು. ಹನಿ ಹನಿಯಾಗಿ ಹೊಯ್ಯುತ್ತಿದ್ದರೆ, ಹೊಯ್ಯುವಾಗ ಅತ್ತರೆ, ಉಚ್ಚೆಯಲ್ಲಿ ರಕ್ತ ಕಂಡರೆ ಅದು ಕಾಯಿಲೆ, ಕೂಡಲೇ ಪಶು ವೈದ್ಯರಿಗೆ ತೋರಿಸಿ. ಬಾಯಿಲ್ಲದ ಜೀವವೊಂದು ನಮ್ಮನ್ನು ನಂಬಿ ಒಳಗೆ ಬಂದಿದೆ. ಅದಕ್ಕೆ ಕಲಿಯಲು ಬೇಕಾದಷ್ಟು ದಿನ ಕೊಡಿ.