ಬಿಲ್ಲಿಗೆ ಕಟ್ಟಿದ ಹಳೇ ಹುರಿ

ದಾವಣಗೆರೆಯ ಹಳೇಪೇಟೆಯಲ್ಲಿ ಪಿಂಜಾರ ಮಕ್ತುಮ್ ಸಾಬನಿಂದ ಏಟು ತಿನ್ನದ ಬೆನ್ನುಗಳು ಕಡಿಮೆ. ಒದ್ದೆ ಹತ್ತಿ ತಂದು ಒಣಗಿದ್ದೆಂದ ದಲ್ಲಾಳಿಗೆ ಹೊಡೆದಿದ್ದ, ಓಣಿಗೆ ಅಡ್ಡ ನಿಂತ ಎತ್ತಿಗೆ ಹೊಡೆದಿದ್ದ, ತನ್ನ ತಲೆಗೆ ತಾಗಿತೆಂದು ಒಮ್ಮೆ ಬಾಗಿಲ ಚೌಕಟ್ಟಿಗೂ ಹೊಡೆದಿದ್ದ. ಮೂಗಿನ ತುದಿಯಲ್ಲಿ ಸಿಟ್ಟು ಅನ್ನುತ್ತಾರಲ್ಲ, ಇವನಿಗೆ ಮೂಗೇ ಸಿಟ್ಟು. ಇಂಥವನ ಮಗನಾಗಿ ಹುಟ್ಟಿ ಮುನಾಫ್ ಸಾರಂಗಿಯ ಹುಚ್ಚು ಹಿಡಿಸಿಕೊಂಡಿದ್ದ. ಹಣೆಬರಹ, ಇನ್ನೇನು!

ಮುನಾಫನಿಗೆ ಹತ್ತೊಂಬತ್ತು. ಬಿ.ಎ. ಎರಡನೇ ವರ್ಷ. ಆ ಓಣಿಯ ಪಿಂಜಾರರಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲನೆಯವನು. ಅವನಿಗೆ ಅಪ್ಪ ಹಾಕಿದ್ದ ಕಟ್ಟಳೆ ಸರಳವಾಗಿತ್ತು: ಕಾಲೇಜು, ಮನೆ, ಹತ್ತಿ ಹಿಂಜುವ ಪಡಸಾಲೆ. ನಾಲ್ಕನೇ ಜಾಗ ಇಲ್ಲ. ಹದಿನೈದನೇ ವಯಸ್ಸಿನಲ್ಲಿ ಒಮ್ಮೆ ನಾಟಕದ ಕಂಪನಿಯ ಡೇರೆಯಲ್ಲಿ ಸಾರಂಗಿಯವನ ಪಕ್ಕ ಬಾಯಿ ಬಿಟ್ಟುಕೊಂಡು ಕೂತಿದ್ದವನನ್ನು ಮಕ್ತುಮ್ ಸಾಬ ಜುಟ್ಟು ಹಿಡಿದು ಎಳೆತಂದು, ಗಾದಿ ಹೊಲಿಯುವ ದಬ್ಬಣವನ್ನು ಒಲೆಯಲ್ಲಿ ಕಾಸಿ ಮುಂಗೈಗೆ ಇಟ್ಟಿದ್ದ. ಆ ಬರೆ ಇನ್ನೂ ಮಾಸಿರಲಿಲ್ಲ.

"ಸಾರಂಗಿ ಅಂದ್ರೆ ಕುಣಿಯೋರ ಬೆನ್ನ ಹಿಂದೆ ಕುಂತು ಕುಯ್ಯೋದು. ನಾನು ಧೂಳು ತಿಂದಿದ್ದು ಸಾಕು. ನೀನು ಸರ್ಕಾರದ ಕುರ್ಚಿ ಮ್ಯಾಲೆ ಕುಂದ್ರಬೇಕು. ತಿಳೀತಾ?" ಎಂದಿದ್ದ ಅವತ್ತು.

ತಿಳಿದಿತ್ತು. ತಿಳಿದೂ ಮೂರು ವರ್ಷದಿಂದ ಮಂಗಳವಾರ, ಶುಕ್ರವಾರ ಮುನಾಫ್ ಪುಸ್ತಕ ಕಂಕುಳಲ್ಲಿಟ್ಟುಕೊಂಡು ಕಾಲೇಜಿನ ಬದಲು ಸ್ಟೇಷನ್ನಿಗೆ ಹೋಗುತ್ತಿದ್ದ. ತರಗತಿಯಲ್ಲಿ ಅವನ ನಂಬರು ಕೂಗಿದಾಗ ಗೆಳೆಯ ಕರಿಬಸವರಾಜ ತಲೆ ಬಗ್ಗಿಸಿ, ದನಿ ಬದಲಿಸಿ "ಪ್ರೆಸೆಂಟ್ ಸಾರ್" ಅನ್ನುತ್ತಿದ್ದ. ಅಷ್ಟು ಹೊತ್ತಿಗೆ ಮುನಾಫ್ ಹರಿಹರದಲ್ಲಿ, ಹೊಳೆದಂಡೆಯ ಒಂದು ಹಿತ್ತಿಲಲ್ಲಿ, ಅಲ್ಲಾಬಕ್ಷ್ ಉಸ್ತಾದರ ಮುಂದೆ ಸಾರಂಗಿ ಎದೆಗೊರಗಿಸಿ ಕೂತಿರುತ್ತಿದ್ದ.

ಈ ಅಲ್ಲಾಬಕ್ಷ್, ತಾನು ಸಾರಂಗಿ ನುಡಿಸುತ್ತಿದ್ದ ನಾಟಕದ ಕಂಪನಿ ಮುಚ್ಚಿದ ಮೇಲೆ ಹರಿಹರಕ್ಕೆ ಬಂದು ನೆಲೆಸಿದ ಮುದುಕ. ಹೊಟ್ಟೆಪಾಡಿಗೆ ಕುರಿಯ ಕರುಳು ತೊಳೆದು, ಹೆರೆದು, ಒಣಗಿಸಿ ಹುರಿ ಹೊಸೆಯುತ್ತಿದ್ದ. ತೆಳ್ಳನೆಯವು ವಾದ್ಯಕ್ಕೆ, ದಪ್ಪನೆಯವು ಪಿಂಜಾರರು ಹತ್ತಿ ಹಿಂಜುವ ಬಿಲ್ಲಿಗೆ. ಮಕ್ತುಮ್ ಸಾಬನ ಬಿಲ್ಲಿಗೂ ಅವನದೇ ಹುರಿ. ಆದರೆ ಹುರಿ ಮಾರುವ ಮುದುಕ ಮುನಾಫನಿಗೆ ಸಾರಂಗಿಯ ವಿದ್ಯೆಯನ್ನೂ ಹೇಳಿಕೊಡುತ್ತಾನೆಂಬುದು ಮಕ್ತುಮ್ ಸಾಬನಿಗೆ ಗೊತ್ತಿರಲಿಲ್ಲ. ಸಾರಂಗಿಯ ತಂತಿಗೆ ಉಗುರಿನ ಬುಡ ಒತ್ತಿ ಒತ್ತಿ ಮುನಾಫನ ಎಡಗೈ ಬೆರಳು ಜಡ್ಡುಗಟ್ಟಿದ್ದವು. ಊಟಕ್ಕೆ ಕೂತಾಗೆಲ್ಲ ಮುನಾಫ್ ಆ ಕೈಯನ್ನು ತೊಡೆಯ ಕೆಳಗೆ ಸೇರಿಸುತ್ತಿದ್ದ.

ಆ ಆಷಾಢದಲ್ಲಿ ಧಾರವಾಡದ ಆಕಾಶವಾಣಿಯಿಂದ ಕರಿಬಸವರಾಜನ ವಿಳಾಸಕ್ಕೆ ಕಾಗದ ಬಂತು. ಇಂಥ ಗುರುವಾರ ಬೆಳಿಗ್ಗೆ ಹತ್ತಕ್ಕೆ ಬಂದು ನುಡಿಸಿ ತೋರಿಸಬೇಕು, ಒಪ್ಪಿಗೆಯಾದರೆ ರೇಡಿಯೋದಲ್ಲಿ ನುಡಿಸಬಹುದು. ಮುನಾಫ್ ಕಾಗದವನ್ನು ಹನ್ನೆರಡು ಸಲ ಓದಿದ. ರೇಡಿಯೋದಲ್ಲಿ ನುಡಿಸುವವನನ್ನು ಕುಣಿಯೋರ ಬೆನ್ನ ಹಿಂದಿನವನು ಅನ್ನಲಿಕ್ಕೆ ಅಪ್ಪನಿಗೂ ಬಾಯಿ ಬರಲಿಕ್ಕಿಲ್ಲ ಎಂದು ಅವನಿಗನ್ನಿಸಿತು. ಪಾಪ, ಹುಡುಗ.

ಎರಡು ವಾರ ಉಳಿದಿರುವಾಗ ಸಾರಂಗಿಯ ದಪ್ಪ ಹುರಿ ಕಿತ್ತು ಹೋಯಿತು. ಹೊರಗೆ ಜಡಿಮಳೆ.

"ಬಿಸ್ಲು ಬರಾ ತನಕ ಏನೂ ಆಗಲ್ಲಪ್ಪ," ಎಂದ ಅಲ್ಲಾಬಕ್ಷ್. "ಈ ಥಂಡಿಗೆ ಕರುಳು ಕೊಳೀತೈತೆ. ಇದ್ದದ್ದೊಂದು ಒಳ್ಳೇ ಹುರಿ ಹೋದ ತಿಂಗಳು ನಿಮ್ಮಪ್ಪಗೆ ಕೊಟ್ಟೆ. ಸ್ವಲ್ಪ ಹೆರೆದ್ರೆ ಇದಕ್ಕೆ ಕುಂದ್ರತೈತೆ. ಕೇಳಿ ತರ್ತೀಯಾ?"

"ತರ್ತೀನಿ ಉಸ್ತಾದ್," ಎಂದ ಮುನಾಫ್.

ಕೇಳುವುದುಂಟೇ! ಪಡಸಾಲೆಯ ಗೂಟಕ್ಕೆ ಮೇಣದ ಬಟ್ಟೆಯಲ್ಲಿ ಸುತ್ತಿ ತೂಗುಹಾಕಿದ್ದ ಹೊಸ ಹುರಿಯನ್ನು ಅಪ್ಪ ನಮಾಜಿಗೆ ಹೋದಾಗ ಬಿಚ್ಚಿಕೊಂಡ. ಮೂಲೆಯಲ್ಲಿ ಬಿದ್ದಿದ್ದ ಸವೆದ ಹುರಿಗೆ ಹರಳೆಣ್ಣೆ ತಿಕ್ಕಿ, ಹೊಳಪು ಬರಿಸಿ, ಅದೇ ಬಟ್ಟೆಯಲ್ಲಿ ಸುತ್ತಿಟ್ಟ. ಬಿಲ್ಲಿನಲ್ಲಿರುವುದು ಇನ್ನೂ ಒಂದು ತಿಂಗಳು ತಾಳುತ್ತದೆ, ಅಷ್ಟರಲ್ಲಿ ಬಿಸಿಲು ಬಿದ್ದರೆ ಉಸ್ತಾದರಿಂದ ಹೊಸದು ಹೊಸೆಸಿ ಜಾಗಕ್ಕೆ ಇಟ್ಟರಾಯಿತು ಅಂದುಕೊಂಡ. "ಅಪ್ಪ ಕೊಟ್ಟ" ಎಂದು ಉಸ್ತಾದರಿಗೂ ಸುಳ್ಳು ಹೇಳಿದ. ಮುದುಕ ಅವನ ಮುಖವನ್ನೊಮ್ಮೆ ನೋಡಿ ಹುರಿ ಹೆರೆಯಲು ಕೂತ.

ಬಿಲ್ಲಿನ ಹುರಿ ಒಂದು ತಿಂಗಳು ತಾಳಲಿಲ್ಲ. ಗುರುವಾರಕ್ಕೆ ಐದು ದಿನ ಮೊದಲು, ಮಳೆ ಬಿಡುವು ಕೊಟ್ಟ ಶನಿವಾರ, ಮದುವೆ ಮನೆಯ ಗಾದಿಗೆಂದು ಹತ್ತಿ ಹಿಂಜುತ್ತಿದ್ದಾಗ ಎಳೆ ಬಿಟ್ಟುಕೊಂಡಿತು. ಮಕ್ತುಮ್ ಸಾಬ ಗೂಟದಿಂದ ಗಂಟು ಇಳಿಸಿ ಬಿಲ್ಲಿಗೆ ಕಟ್ಟಿದ. ಮರದ ಕೊಡತಿಯಿಂದ ಒಂದು ಏಟು ಹಾಕಿ ಕಿವಿಗೊಟ್ಟ.

"ಸದ್ದು ಸತ್ತೈತಲ್ಲ ಇದರ್ದು," ಎಂದ.

ಮುನಾಫ್ ಮೂಲೆಯಲ್ಲಿ ಪುಸ್ತಕ ಹಿಡಿದು ಕೂತಿದ್ದ. 'ಅಪ್ಪಾ, ಬ್ಯಾಡ' ಅನ್ನಬೇಕೆಂದುಕೊಂಡವನು ಪುಸ್ತಕದ ಹಾಳೆ ಮಗುಚಿದ. ಮಕ್ತುಮ್ ಸಾಬ ಹುರಿಯನ್ನು ಇನ್ನಷ್ಟು ಬಿಗಿದ, ಹೊಡೆದ, ಕೇಳಿದ. ಮತ್ತೆ ಬಿಗಿದ. ತನಗೆ ಬೇಕಾದ ಸದ್ದು ಬರುವ ತನಕ ಬಿಡುವ ಆಸಾಮಿಯಲ್ಲ ಅವನು. ಕೊನೆಗೆ "ಹಾಂ" ಎಂದು ಮುಖ ಬಗ್ಗಿಸಿ ಬಲವಾಗಿ ಹೊಡೆದ. ಹುರಿ ಪಟಾರನೆ ಹರಿದು ಹಾರಿ ಅವನ ಎಡಗಣ್ಣಿಗೆ ಬಡಿಯಿತು.

ಅವನು ಕೂಗಿದ ಕೂಗಿಗೆ ಓಣಿಯ ನಾಯಿಗಳು ಓಡಿದವು. ಹಿಂಜಿದ ಬಿಳೀ ಹತ್ತಿಯ ರಾಶಿಯ ಮೇಲೆ ಬಿದ್ದು ಹೊರಳಾಡಿದ. ಹೆಂಡತಿ ದಿಲ್ಷಾದ್ ಬೇಗಂ ಒಳಗಿಂದ ಓಡಿ ಬಂದಾಗ ಹತ್ತಿಯೆಲ್ಲ ರಕ್ತ, ಅವನ ಬೆರಳ ಸಂದಿಯಿಂದಲೂ ರಕ್ತ. ಕೈ ಹಿಡಿಯಲು ಹೋದ ಅವಳನ್ನೇ ನೋವಿನಲ್ಲಿ ಒದ್ದ. ಆಸ್ಪತ್ರೆಯಲ್ಲಿ ಡಾಕ್ಟರು ಕಟ್ಟು ಕಟ್ಟಿ, ಕಣ್ಣು ಹೋಯಿತು, ಇನ್ನೊಂದನ್ನಾದರೂ ಕಾಪಾಡಿಕೋ ಅಂದರು.

ಮೂರು ದಿನ ಅವನು ಹಾಸಿಗೆ ಹಿಡಿದ. ಮಂಗಳವಾರ ಬೆಳಿಗ್ಗೆ ಎದ್ದು ಕೊಡತಿ ಹೆಗಲಿಗಿಟ್ಟ. ಹರಿದ ಹುರಿಯನ್ನು ಕಿಸೆಗೆ ತುರುಕಿದ.

"ಎಲ್ಲಿಗೆ?" ಎಂದಳು ದಿಲ್ಷಾದ್ ಬೇಗಂ.

"ಹರಿಹರಕ್ಕೆ. ಆ ಮುದಿಯ ನನಗೆ ಕೊಳೆತ ಹುರಿ ಮಾರ್‍ಯಾನೆ. ಯಾವ ಕೈಲಿ ಹೊಸೆದ್ನೋ ಆ ಕೈ ಮುರೀತೀನಿ."

ಅವಳು ಮಗನನ್ನು ಬಾಗಿಲಾಚೆ ನೂಕಿದಳು. "ಹೋಗೋ, ಬೆನ್ನು ಬಿಡಬ್ಯಾಡ. ಕೊಲೆ ಮಾಡಿ ಬರ್ತಾನೆ ಇವ!"

ರೈಲಿನಲ್ಲಿ ಅಪ್ಪ ಮಗ ಎದುರುಬದುರು ಕೂತರು. ಕೊಡತಿ ಇಬ್ಬರ ನಡುವೆ ನಿಂತಿತ್ತು. ಹೇಳಿಬಿಡಲೇ? ಹೇಳಿದರೆ ಆ ಕೊಡತಿ ತನ್ನ ಕೈಗೇ ಬೀಳುತ್ತದೆ, ನಾಡಿದ್ದಿನ ಧಾರವಾಡವೂ ಬೀಳುತ್ತದೆ. ಹೇಳದಿದ್ದರೆ ಉಸ್ತಾದ್. ಅಪ್ಪ ಬೈದು ಬಿಡಬಹುದು, ಎರಡೇಟು ಹಾಕಿ ಬಿಡಬಹುದು ಎಂದು ಮುನಾಫ್ ತನಗೆ ತಾನೇ ಸುಳ್ಳು ಹೇಳಿಕೊಂಡ. ಅಪ್ಪ ಎಂದಾದರೂ ಬೈದು ಬಿಟ್ಟವನೇ? ಓಣಿಯ ಸಣ್ಣ ಹುಡುಗನೂ ಹೇಳಿಯಾನು ಇಲ್ಲ ಎಂದು. ಅರ್ಧ ಗಂಟೆಯ ದಾರಿ. ಮುನಾಫ್ ಬಾಯಿ ತೆರೆಯಲಿಲ್ಲ.

ಅಲ್ಲಾಬಕ್ಷ್ ಹಿತ್ತಿಲ ಹಾಸುಗಲ್ಲಿನ ಮುಂದೆ ಕೂತು ಕರುಳು ಹೆರೆಯುತ್ತಿದ್ದ. ಮಕ್ತುಮ್ ಸಾಬ ಬಂದವನೇ ಅವನ ಎದೆಗೆ ಒದ್ದ. ಮುದುಕ ಕರುಳಿನ ಬೋಗುಣಿಯ ಸಮೇತ ಅಂಗಾತ ಬಿದ್ದ.

"ನೋಡು! ನನ್ನ ಕಣ್ಣು ನೋಡೋ!" ಮಕ್ತುಮ್ ಸಾಬ ಕಟ್ಟನ್ನು ಕಿತ್ತೆಸೆದ. ಹರಿದ ಹುರಿಯನ್ನು ಮುದುಕನ ಮುಖದ ಮೇಲೆ ಎಸೆದ. "ಇದು ನಿನ್ನ ಹುರಿ ಹೌದೋ ಅಲ್ಲೋ?"

ಅಲ್ಲಾಬಕ್ಷ್ ಎದ್ದು ಕೂತು ಹುರಿಯನ್ನು ಬೆರಳಲ್ಲಿ ಹಿಡಿದ. ಹೊಸೆದವನಿಗೆ ತನ್ನ ಹುರಿಯ ವಯಸ್ಸು ತಿಳಿಯದೇ? ಮೂಗಿನ ಹತ್ತಿರ ತಂದ. ಹರಳೆಣ್ಣೆ. ತಲೆ ಎತ್ತಿ ಮುನಾಫನನ್ನು ನೋಡಿದ. ಬಾಗಿಲ ಹಿಂದೆ ಒಳಗಿನ ಗೂಟದಲ್ಲಿ ಸಾರಂಗಿ ತೂಗುತ್ತಿತ್ತು, ಅದರ ದಪ್ಪ ಹುರಿ ಹೊಚ್ಚ ಹೊಸದು. ಮುದುಕನಿಗೆ ಎಲ್ಲ ತಿಳಿಯಿತು. ಮುನಾಫನಿಗೂ, ಅವನಿಗೆ ತಿಳಿಯಿತೆಂದು ತಿಳಿಯಿತು.

"ನನ್ದೇ," ಎಂದ ಅಲ್ಲಾಬಕ್ಷ್. "ತಪ್ಪಾತು ಮಕ್ತುಮ್."

ಈಗಲಾದರೂ ಬಾಯಿ ಬಿಡಬೇಕಿತ್ತು. ಅಯ್ಯೋ, ಬಿಡಬೇಕಿತ್ತು! ಮುನಾಫ್ ತುಟಿ ಕಚ್ಚಿಕೊಂಡು ನಿಂತ. ಮಕ್ತುಮ್ ಸಾಬ ಮುದುಕನ ಬಲಗೈಯನ್ನು ಎಳೆದು ಹಾಸುಗಲ್ಲಿನ ಮೇಲೆ ಒತ್ತಿ, ಮೊಣಕಾಲಿನಿಂದ ಮುಂಗೈ ಅದುಮಿ, ಗಿಡ್ಡ ಹಿಡಿತದಲ್ಲಿ ಕೊಡತಿಯಿಂದ ಜಜ್ಜಿದ. ಒಂದಲ್ಲ, ಎರಡು ಸಲ. ಮೂಳೆ ಮುರಿದ ಸದ್ದು ಒಣ ಕಡ್ಡಿ ಮುರಿದ ಹಾಗೆ ಕೇಳಿತು. ಸಾರಂಗಿಯ ಕಮಾನು ಹಿಡಿದು ನಲವತ್ತು ವರ್ಷ ನುಡಿಸಿದ ಕೈ ಅದು.

ಆಗ ಮುನಾಫ್ ಕಿರುಚಿದ. "ನಾನು! ಅಪ್ಪಾ, ನಾನು ಮಾಡಿದ್ದು! ಹೊಸಾದು ಕದ್ದು ಹಳೇದು ಇಟ್ಟೆ! ಸಾರಂಗಿಗೆ!"

ಮಕ್ತುಮ್ ಸಾಬ ತಿರುಗಿದ. ಕಟ್ಟಿಲ್ಲದ ಕಣ್ಣಿನ ಗುಳಿಯಿಂದ ನೀರು ಇಳಿಯುತ್ತಿತ್ತು. ಬಾಗಿಲಾಚೆಯ ಸಾರಂಗಿಯನ್ನು ಈಗ ನೋಡಿದ. ಮಗನ ಎಡಗೈಯನ್ನು ನೋಡಿದ.

"ಎಷ್ಟು ದಿನದಿಂದ?"

"ಮೂರು ವರ್ಷ."

"ಕೈ ಇಡು."

"ಸುಮ್ನಿರಬೇಕಾಗಿತ್ತಲ್ಲೋ ಹುಚ್ಚ," ಎಂದು ನರಳಿದ ಅಲ್ಲಾಬಕ್ಷ್. "ನನ್ದು ಹೆಂಗೂ ಹೋಗಿತ್ತು. ಮಕ್ತುಮ್, ಬ್ಯಾಡ ಕಣೋ, ಅವನ್ದು ಬಿಡು!"

ಮುನಾಫ್ ಕೈ ಇಟ್ಟ. ಯಾರೂ ಎಳೆಯಲಿಲ್ಲ, ತಾನೇ ಇಟ್ಟ. ಉಸ್ತಾದರ ರಕ್ತ ಕಲ್ಲಿನ ಮೇಲೆ ಬೆಚ್ಚಗಿತ್ತು. ನಾಚಿಕೆ ಎಷ್ಟಾಗಿತ್ತೆಂದರೆ ಬೇಗ ಹೊಡೆಯಲಿ ಎಂದೇ ಬೇಡಿಕೊಂಡ.

ಮಕ್ತುಮ್ ಸಾಬ ಈ ಸಲ ಎದ್ದು ನಿಂತು, ಎರಡೂ ಕೈಯಿಂದ ಕೊಡತಿಯನ್ನು ತಲೆಯ ಮೇಲೆತ್ತಿ ಬೀಸಿದ. ಕಲ್ಲಿನ ಚೂರು ಹಾರಿತು. ಕೊಡತಿ ಮಗನ ಬೆರಳಿಗಿಂತ ಒಂದು ಗೇಣು ಈಚೆಗೆ ಬಿದ್ದಿತ್ತು. ಹಲ್ಲು ಕಡಿದು ಮತ್ತೆ ಬೀಸಿದ. ಈಗ ಆಚೆಗೆ, ಕರುಳಿನ ಕೆಸರಿಗೆ ಬಿತ್ತು. ಮೂವತ್ತು ವರ್ಷ ಆ ಕೊಡತಿ ಕಡ್ಡಿ ಗಾತ್ರದ ಹುರಿಗೆ ಬಡಿದಿತ್ತು, ಒಂದೇಟೂ ತಪ್ಪಿರಲಿಲ್ಲ.

ಮೂರನೇ ಸಲ ಅವನು ಎತ್ತಲಿಲ್ಲ. ಕೊಡತಿಯ ತುದಿಯಿಂದ ಕಲ್ಲು ಎಲ್ಲಿದೆ ಎಂದು ತಡವಿದ. ಒಂದೇ ಕಣ್ಣಿಗೆ ಹತ್ತಿರವೂ ದೂರವೂ ಒಂದೇ ಆಗಿತ್ತು. ಅದು ಅವನಿಗೆ ಅರಿವಾದದ್ದು ಆ ಹಿತ್ತಿಲಲ್ಲಿ, ಆ ಕ್ಷಣದಲ್ಲಿ. ಇನ್ನು ಅವನು ಬಿಲ್ಲು ಹಿಡಿಯುವಂತಿರಲಿಲ್ಲ. ಕುಕ್ಕರಿಸಿ ಕೂತು ತನ್ನ ಹಣೆಯನ್ನೇ ಕಲ್ಲಿಗೆ ಚಚ್ಚಿಕೊಳ್ಳತೊಡಗಿದ. ಮುನಾಫ್ ಅವನ ತಲೆಗೂ ಕಲ್ಲಿಗೂ ನಡುವೆ ತನ್ನ ಅಂಗೈ ಒಡ್ಡಿದ.

ಬಹಳ ಹೊತ್ತಿನ ಮೇಲೆ ಮಕ್ತುಮ್ ಸಾಬ ಕೊಡತಿಯನ್ನು ಮಗನ ಕಡೆ ನೂಕಿದ.

"ಆ ಹುರಿ ಬಿಚ್ಕೊಂಡು ಬಾ. ಮದುವೆ ಮನೆಯೋರು ಕಾಯ್ತಾರೆ."

ಅಲ್ಲಾಬಕ್ಷನ ಕೈಗೆ ಬಿದಿರ ದಬ್ಬೆ ಕಟ್ಟಿಸಿದ ಮೇಲೆ ಮುನಾಫ್ ಸಾರಂಗಿಯಿಂದ ಹುರಿ ಬಿಚ್ಚಿಕೊಂಡ. ಮುದುಕ ಗೋಡೆಯ ಕಡೆ ತಿರುಗಿ ಮಲಗಿದ್ದ.

ಗುರುವಾರ ಬೆಳಿಗ್ಗೆ ಹತ್ತಕ್ಕೆ ಮುನಾಫ್ ಹಳೇಪೇಟೆಯ ಪಡಸಾಲೆಯಲ್ಲಿ, ಮೂಗಿಗೆ ಬಟ್ಟೆ ಕಟ್ಟಿಕೊಂಡು, ಅಪ್ಪನ ಬಿಲ್ಲಿನ ಮುಂದೆ ಕೂತಿದ್ದ. ಕಾಲೇಜಿನಲ್ಲಿ ಕರಿಬಸವರಾಜ ಅವನ ಪರವಾಗಿ ಹಾಜರಿ ಕೂಗುತ್ತಿದ್ದನೇನೋ. ಇನ್ನು ಎಷ್ಟು ದಿನ ಕೂಗಿಯಾನು? ರಕ್ತ ಅಂಟಿದ ಹತ್ತಿಯನ್ನು ದಿಲ್ಷಾದ್ ಬೇಗಂ ಆರಿಸಿ ಬೇರೆ ಹಾಕಿದ್ದಳು. ಮಕ್ತುಮ್ ಸಾಬ ಹೊಸ್ತಿಲಲ್ಲಿ ಬೀದಿಯ ಕಡೆ ಮುಖ ಮಾಡಿ, ಮಗನಿಗೆ ಬೆನ್ನು ಹಾಕಿ ಕೂತಿದ್ದ.

ಮುನಾಫ್ ಹುರಿ ಬಿಗಿದು ಒಂದೇಟು ಹಾಕಿದ. ಬಿಲ್ಲು ಗುಂಯ್ ಎಂದಿತು.

"ಸದ್ದು ಇಳಿದೈತೆ," ಎಂದ ಮಕ್ತುಮ್ ಸಾಬ, ತಿರುಗದೆ.

ಮುನಾಫ್ ಕೊಂಚ ಬಿಗಿದು ಮತ್ತೆ ಹೊಡೆದ.

"ಇನ್ನೂ ಕೂದಲೆಳೆಯಷ್ಟು ಕಮ್ಮಿ ಐತೆ. ಕಿವಿ ಇಲ್ಲೇನೋ ನಿನಗೆ?"

ಮುನಾಫ್ ಕೊಡತಿ ಹಿಡಿದ ಕೈ ತಡೆದ. ಕಮ್ಮಿ ಇತ್ತು. ಸರಿಯಾಗಿ ಅಷ್ಟೇ ಕಮ್ಮಿ ಇತ್ತು. ಅದನ್ನು ಹಿಡಿಯಲು ತನಗೆ ಮೂರು ವರ್ಷ ಹಿಡಿದಿತ್ತು, ಉಸ್ತಾದರು ಬೈದು ಬೈದು ಕಲಿಸಿದ್ದರು. ಈ ಮನುಷ್ಯನಿಗೆ ಯಾರು ಕಲಿಸಿದರು? ಅವನಿಗೆ ಅಪ್ಪನ ಕೊರಳು ಹಿಸುಕಬೇಕೆನ್ನಿಸಿತು, ಕಾಲು ಹಿಡಿಯಬೇಕೆಂದೂ ಅನ್ನಿಸಿತು. ಎರಡನ್ನೂ ಮಾಡಲಿಲ್ಲ. ಕಣ್ಣೊರೆಸಿಕೊಂಡು ಹುರಿಯನ್ನು ಕೂದಲೆಳೆಯಷ್ಟು ಬಿಗಿದು ಹೊಡೆದ.

"ಹಾಂ," ಎಂದ ಮಕ್ತುಮ್ ಸಾಬ.